ಹಾಸಿಗೆ ಇದ್ದಷ್ಟು ಕಾಲು

ಉರ್ದು ಶಾಲೆಯಲ್ಲಿ ನಮಗೆ ಮೊದಮೊದಲು ಬಾಯಿಪಾಠ ಮಾಡಿಸಿದ ಗಾದೆಗಳಲ್ಲಿ ಒಂದು, ‘ಜಿತ್ನೀ ಚಾದರ್ ಹೋ ಉತ್ನೇ ಪಾಂವ್ ಫೈಲಾವೋ’. ಮುಂದೆ ಕನ್ನಡ ಮಾಧ್ಯಮದ ಹೈಸ್ಕೂಲು ಸೇರಿದಾಗ ಕನ್ನಡದ ಮೇಷ್ಟ್ರು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಹಲಗೆಯ ಮೇಲೆ ಬರೆದು, ವಿಸ್ತರಿಸಿ ಬರೆಯಿರಿ ಎಂದರು. ಎರಡು ಭಾಷೆಗಳೂ ಒಂದೇ ಬುದ್ಧಿ ಹೇಳುತ್ತಿದ್ದುದರಿಂದ ನಮ್ಮ ಕೆಲಸ ಹಗುರವಾಯಿತು, ಒಳ್ಳೆಯ ಅಂಕವೂ ಬಂತು. ಆದರೆ ಆ ಗಾದೆಯ ನಿಜವಾದ ಪರೀಕ್ಷೆಗೆ ನಾವು ಕೂತದ್ದು ನಲವತ್ತು ದಾಟಿದ ಮೇಲೆ, ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ.

ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಅಮ್ಮಿಯನ್ನು ಕರೆದುಕೊಂಡು ಬೆಂಗಳೂರಿನಿಂದ ಲಂಡನ್ನಿಗೆ ಹೊರಟಿದ್ದೆವು. ಹತ್ತು ಗಂಟೆ ಮೀರಿದ ಪಯಣ. ಅಮ್ಮಿಗೆ ಎಪ್ಪತ್ತೆರಡು. ಎರಡೂ ಮೊಣಕಾಲು ಸವೆದಿವೆ, ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತಾರೆ. ಹಾಗಾಗಿ ತಂಗಿ ಅವರಿಗೊಂದು ‘ಪ್ರೀಮಿಯಂ ಎಕಾನಮಿ’ ಟಿಕೆಟ್ ಕಳಿಸಿದಳು. ನಮ್ಮ ಹಾಸಿಗೆ ಅಷ್ಟು ಉದ್ದವಿರಲಿಲ್ಲ, ನಾವು ಮಾಮೂಲಿ ಎಕಾನಮಿಯಲ್ಲಿ ಕೂತೆವು. ತಾಯಿಗೂ ನಮಗೂ ನಡುವೆ ಇಪ್ಪತ್ತು ಸಾಲು, ಮತ್ತೊಂದು ಪರದೆ.

ಪ್ರೀಮಿಯಂ ಎಕಾನಮಿ ಎಂಬುದು ಹೊಸ ಅವತಾರವೇನಲ್ಲ. ತೈವಾನಿನ ಈವಾ ಏರ್ 1991ರಲ್ಲಿ, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ 1992ರಲ್ಲಿ ಈ ನಡುವಣ ದರ್ಜೆಯನ್ನು ತಂದವು. ಬ್ರಿಟಿಷ್ ಏರ್‌ವೇಸ್ 2000ದಲ್ಲಿ ಅದೇ ದಾರಿ ಹಿಡಿಯಿತು. ನಮ್ಮ ದೇಶದ ಕಂಪನಿಗಳಲ್ಲಿ ಇದನ್ನು ಮೊದಲು ತಂದದ್ದು 2015ರಲ್ಲಿ ಹಾರಾಟ ಶುರು ಮಾಡಿದ ವಿಸ್ತಾರಾ. ಅದು 2024ರ ನವೆಂಬರಿನಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಎಮಿರೇಟ್ಸ್ 2023ರ ಅಕ್ಟೋಬರಿನಲ್ಲಿ ಬೆಂಗಳೂರಿಗೂ ಈ ದರ್ಜೆಯನ್ನು ತಂದಿತು. ಹೀಗೆ ಮೂವತ್ತು ವರ್ಷಗಳಲ್ಲಿ ಅದು ನಮ್ಮ ಅಂಗಳಕ್ಕೂ ಬಂದಿದೆ.

ಅದರಲ್ಲಿ ಸಿಗುವುದಾದರೂ ಏನು? ಆಸನದ ಬೆನ್ನಿನಿಂದ ಮುಂದಿನ ಆಸನದ ಬೆನ್ನಿನವರೆಗಿನ ಅಂತರ ಎಕಾನಮಿಯಲ್ಲಿ ಸಾಮಾನ್ಯವಾಗಿ 31 ಇಂಚು. ಪ್ರೀಮಿಯಂ ಎಕಾನಮಿಯಲ್ಲಿ 38 ಇಂಚಿನಷ್ಟು. ಅಗಲದಲ್ಲಿ ಒಂದೆರಡು ಇಂಚು ಹೆಚ್ಚು. ಬೆನ್ನು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ಕಾಲಿಗೊಂದು ಆಸರೆ ಇರುತ್ತದೆ. ಇದರ ಜೊತೆಗೆ ಬೇರೆ ಸಾಲು, ಹತ್ತಿದ ಕೂಡಲೇ ಗಾಜಿನ ಲೋಟದಲ್ಲಿ ಪಾನೀಯ, ಪಿಂಗಾಣಿ ತಟ್ಟೆ, ಬಟ್ಟೆಯ ಕರವಸ್ತ್ರ. ದರ ಎಷ್ಟೋ ಸಲ ಎಕಾನಮಿಯ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು. ಲೆಕ್ಕ ಹಾಕಿದರೆ, ಕಾಲಿಗೆ ಸಿಕ್ಕ ಏಳು ಇಂಚು ಮತ್ತು ಮನಸ್ಸಿಗೆ ಸಿಕ್ಕ ಒಂದಿಷ್ಟು ಮರ್ಯಾದೆ.

ಆ ಏಳು ಇಂಚನ್ನು ನಾವು ಹಗುರವಾಗಿ ಕಾಣುವವರಲ್ಲ. ಅಮ್ಮಿಯ ಮೊಣಕಾಲು ಬಲ್ಲವರು ಹಾಗೆ ಕಾಣಲಾರರು. ವಯಸ್ಸಾದವರಿಗೆ, ಎತ್ತರದವರಿಗೆ, ದಪ್ಪ ದೇಹದವರಿಗೆ, ಬಸುರಿಯರಿಗೆ ಅದು ಷೋಕಿಯಲ್ಲ, ಅಗತ್ಯ. ನಮ್ಮ ತಕರಾರು ಬೇರೆಯೇ ಇದೆ. ಆ ಏಳು ಇಂಚು ಮೊದಲು ಯಾರದಾಗಿತ್ತು?

1970ರ ದಶಕದಲ್ಲಿ ಮಾಮೂಲಿ ಎಕಾನಮಿಯಲ್ಲೇ ಈ ಅಂತರ 34-35 ಇಂಚು ಇರುತ್ತಿತ್ತು. ಬರಬರುತ್ತ ಅದು 31ಕ್ಕೆ ಇಳಿಯಿತು, ಕೆಲವು ಕಡೆ ಅದಕ್ಕಿಂತಲೂ ಕೆಳಗೆ. ಬೋಯಿಂಗ್ 777 ವಿಮಾನ ಬಂದಾಗ ಬಹುತೇಕ ಕಂಪನಿಗಳು ಎಕಾನಮಿಯಲ್ಲಿ ಒಂದು ಸಾಲಿಗೆ ಒಂಬತ್ತು ಆಸನ ಹಾಕಿದ್ದವು. ಈಗ ಅದೇ ಅಗಲದಲ್ಲಿ ಹತ್ತು. ವಿಮಾನ ಹಿಗ್ಗಿಲ್ಲ, ಮನುಷ್ಯರೂ ಕುಗ್ಗಿಲ್ಲ. ನಮ್ಮಿಂದ ಕಿತ್ತುಕೊಂಡ ಜಾಗಕ್ಕೆ ಇನ್ನೊಂದಿಷ್ಟು ಸೇರಿಸಿ, ಹೊಳೆಯುವ ಕಾಗದ ಸುತ್ತಿ, ‘ಪ್ರೀಮಿಯಂ’ ಎಂಬ ಚೀಟಿ ಅಂಟಿಸಿ ನಮಗೇ ಮಾರಲಾಗುತ್ತಿದೆ. ಟಿಕೆಟ್ ಮೊದಲಿಗಿಂತ ಅಗ್ಗವಾಯಿತಲ್ಲ, ಬಡವನೂ ಹಾರುವಂತಾಯಿತಲ್ಲ ಎಂದು ಕಂಪನಿಯವರು ಕೇಳಬಹುದು. ಅದರಲ್ಲಿ ಸತ್ಯವಿದೆ. ಗಲ್ಫಿಗೆ ದುಡಿಯಲು ಹೋದ ನಮ್ಮ ಕರಾವಳಿಯ ಹುಡುಗರು ಹೋಗಿಬಂದದ್ದು ಈ ಇಕ್ಕಟ್ಟಿನ ಆಸನಗಳಲ್ಲಿಯೇ. ಆದರೆ ಅಗ್ಗಕ್ಕೂ ಒಂದು ಮಿತಿ ಇರಬೇಕಲ್ಲವೇ? ಮೊಣಕಾಲು ಮುಂದಿನ ಕುರ್ಚಿಗೆ ಒತ್ತಿಕೊಳ್ಳುವಲ್ಲಿಗೆ ಆ ಮಿತಿ ದಾಟಿದೆ.

ಈ ವಿದ್ಯೆ ವಿಮಾನದವರು ಕಂಡುಹಿಡಿದದ್ದೂ ಅಲ್ಲ. ಫ್ರಾನ್ಸಿನ ಇಂಜಿನಿಯರ್ ಹಾಗೂ ಅರ್ಥಶಾಸ್ತ್ರಜ್ಞ ಜೂಲ್ಸ್ ದ್ಯುಪುಯಿ 1849ರಷ್ಟು ಹಿಂದೆಯೇ ಇದರ ಗುಟ್ಟು ಬಿಚ್ಚಿಟ್ಟಿದ್ದ. ಆ ಕಾಲದ ರೈಲುಗಳಲ್ಲಿ ಮೂರನೇ ದರ್ಜೆಯ ಗಾಡಿಗಳಿಗೆ ಸೂರು ಇರುತ್ತಿರಲಿಲ್ಲ. ಸೂರು ಹಾಕಲು ಭಾರೀ ಖರ್ಚೇನೂ ಇರಲಿಲ್ಲ, ಬಡವರ ಮೇಲೆ ಕಂಪನಿಗೆ ದ್ವೇಷವೂ ಇರಲಿಲ್ಲ. ಸೂರು ಹಾಕಿದರೆ ಎರಡನೇ ದರ್ಜೆಗೆ ಹಣ ಕೊಡಬಲ್ಲವನೂ ಮೂರನೆಯದಕ್ಕೇ ಹತ್ತಿಬಿಡುತ್ತಾನೆ ಎಂಬ ಭಯವಿತ್ತು. ಬಡವ ಬಿಸಿಲಲ್ಲಿ ಬೇಯಬೇಕಾದದ್ದು ಉಳ್ಳವನನ್ನು ಹೆದರಿಸುವುದಕ್ಕಾಗಿ. ಇಂದು ವಿಮಾನದೊಳಗೆ ಸೂರು ಎಲ್ಲರಿಗೂ ಇದೆ, ಇಲ್ಲದಿದ್ದರೆ ಯಾರೂ ಬದುಕುವುದಿಲ್ಲ. ಆದ್ದರಿಂದ ಕತ್ತರಿ ಬಿದ್ದದ್ದು ಕಾಲಿನ ಜಾಗಕ್ಕೆ.

ನಮ್ಮ ದೇಶಕ್ಕೂ ಈ ನಡುವಣ ದರ್ಜೆಯ ಹಳೆಯ ಪರಿಚಯವಿದೆ. ಬ್ರಿಟಿಷರ ಕಾಲದ ರೈಲಿನಲ್ಲಿ ಎರಡನೆಯ ಮತ್ತು ಮೂರನೆಯ ದರ್ಜೆಗಳ ನಡುವೆ ಇಂಟರ್ ಕ್ಲಾಸ್ ಎಂಬುದಿತ್ತು. ಉರ್ದು-ಹಿಂದಿ ಜನ ಅದನ್ನು ‘ಡ್ಯೋಢಾ ದರ್ಜಾ’, ಅಂದರೆ ಒಂದೂವರೆ ದರ್ಜೆ ಎನ್ನುತ್ತಿದ್ದರು. ಎಂಥ ಪ್ರಾಮಾಣಿಕ ಹೆಸರು! ಮೂರನೇ ದರ್ಜೆಯ ಬವಣೆಯನ್ನು ಗಾಂಧೀಜಿ 1917ರಲ್ಲೇ ಬರೆದು ದೇಶದ ಕಣ್ಣಿಗೆ ತಂದರು. 1974ರಲ್ಲಿ ಮೂರನೇ ದರ್ಜೆ ಹೋಯಿತು. ಈಗ ರೈಲು ಮತ್ತೆ ದರ್ಜೆಗಳನ್ನು ಹೆರುತ್ತಿದೆ. 2021ರಲ್ಲಿ ಬಂದ ‘3 ಎಸಿ ಎಕಾನಮಿ’ ಬೋಗಿಯಲ್ಲಿ 72 ಮಂದಿಯ ಜಾಗದಲ್ಲಿ 83 ಮಂದಿಗೆ ಬರ್ತು. ಅಲ್ಲಿ ಎಕಾನಮಿ ಎಂಬ ಹೆಸರಿನಲ್ಲಿ ಜಾಗ ಹಿಂಡಿದರು, ಇಲ್ಲಿ ಹಿಂಡಿದ್ದನ್ನು ಪ್ರೀಮಿಯಂ ಎಂಬ ಹೆಸರಿನಲ್ಲಿ ಹಿಂದಿರುಗಿಸುತ್ತಿದ್ದಾರೆ.

ಡ್ಯೋಢಾದಲ್ಲಿ ಕೂತವನ ಮನಸ್ಸನ್ನು ನೋಡಿ. ಮುಂದೆ ಮಲಗಿಕೊಂಡು ಹೋಗುವ ಬಿಸಿನೆಸ್ ಕ್ಲಾಸಿನವರು, ಹಿಂದೆ ಮುದುಡಿ ಕೂತ ನೂರಾರು ಜನ. ಏರ್ ಇಂಡಿಯಾದ ಏರ್‌ಬಸ್ 350 ವಿಮಾನದಲ್ಲಿ ಬಿಸಿನೆಸ್‌ಗೆ 28 ಆಸನ, ಪ್ರೀಮಿಯಂ ಎಕಾನಮಿಗೆ 24, ಎಕಾನಮಿಗೆ 264. ಎಮಿರೇಟ್ಸ್‌ನ ನಾಲ್ಕು ದರ್ಜೆಯ 380ರಲ್ಲಿ ಒಟ್ಟು 484 ಆಸನಗಳಲ್ಲಿ ಪ್ರೀಮಿಯಂ ಎಕಾನಮಿ ಬರೀ 56. ಮುಂದಿನವರಂತೆ ಆಗಲಿಲ್ಲವೆಂಬ ಕೊರಗನ್ನು ಹಿಂದಿನವರಂತೆ ಆಗಲಿಲ್ಲವೆಂಬ ಸಮಾಧಾನದಿಂದ ಒರೆಸಿಕೊಳ್ಳುತ್ತ ಹೋಗುವುದೇ ಮಧ್ಯಮ ವರ್ಗದ ಪ್ರಯಾಣ. ಆಸನ ಆರಾಮವಾಗಿದೆ ಎಂದು ಅವನಿಗೆ ಗೊತ್ತಾಗುವುದು ಅರ್ಧ ತನ್ನ ಬೆನ್ನಿನಿಂದ, ಇನ್ನರ್ಧ ಹಿಂದಿನವರ ಮುಖದಿಂದ.

ಊಟದ ಹೊತ್ತಿಗೆ ಇದು ಇನ್ನೂ ನಿಚ್ಚಳವಾಯಿತು. ಇಬ್ಬರಿಗೂ ‘ಮುಸ್ಲಿಮ್ ಊಟ’ ಎಂದು ಮೊದಲೇ ಬರೆಸಿದ್ದೆವು. ಅಮ್ಮಿಗೆ ಪಿಂಗಾಣಿ ತಟ್ಟೆಯಲ್ಲಿ ಬಂತು, ನಮಗೆ ತಗಡಿನ ಹಾಳೆ ಹೊದ್ದ ಪೆಟ್ಟಿಗೆಯಲ್ಲಿ. ಆಮೇಲೆ ಮಾತಾಡಿ ನೋಡಿದರೆ ಎರಡರಲ್ಲೂ ಇದ್ದದ್ದು ಅದೇ ಅನ್ನ, ಅದೇ ಕೋಳಿ ತುಂಡು, ಅದೇ ಬೀನ್ಸು. ಪದಾರ್ಥ ಒಂದೇ, ಪಂಕ್ತಿ ಬೇರೆ. ಕನ್ನಡದಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಒಂದು ಪದವಿದೆ, ಪಂಕ್ತಿಭೇದ. ಈ ನಾಡಿನ ದೊಡ್ಡವರು ತಲೆಮಾರುಗಳಿಂದ ಅದರ ವಿರುದ್ಧ ಗುದ್ದಾಡಿದ್ದಾರೆ. ಹುಟ್ಟು ನೋಡಿ ಎಲೆ ಹಾಕಿದರೆ ಕೆರಳುವ ನಾವು, ಟಿಕೆಟ್ ನೋಡಿ ತಟ್ಟೆ ಇಟ್ಟರೆ ಅದನ್ನು ಸೇವೆ ಎನ್ನುತ್ತೇವೆ. ದುಡ್ಡಿನ ದರ್ಜೆಯನ್ನು ಮನುಷ್ಯ ದಾಟಬಹುದು, ಹುಟ್ಟಿನದನ್ನು ದಾಟಲಾರ, ಎರಡೂ ಒಂದೇ ಅಲ್ಲ ಎಂಬುದನ್ನು ಒಪ್ಪೋಣ. ಆದರೂ ಎರಡರ ರುಚಿಯಲ್ಲಿ ಒಂದು ಸಾಮ್ಯವಿದೆ. ಪಕ್ಕದವನ ಎಲೆ ಬೇರೆ ಎಂಬ ಅರಿವೇ ಅಲ್ಲಿನ ಉಪ್ಪಿನಕಾಯಿ.

ಬೇರೆಯವರತ್ತ ಬೆರಳು ತೋರಿಸುವ ಮುನ್ನ ನಮ್ಮ ಶಾದಿ ಮಹಲುಗಳನ್ನೂ ನೋಡಿಕೊಳ್ಳೋಣ. ಒಂದೇ ದಸ್ತರ್‌ಖಾನಿನ ಸುತ್ತ ಕೂತು ಉಣ್ಣುವ ಪದ್ಧತಿ ನಮ್ಮದೆಂದು ವೇದಿಕೆಯಲ್ಲಿ ಹೆಮ್ಮೆಪಡುತ್ತೇವೆ. ಅದೇ ಮಹಲಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ‘ವಿಐಪಿ’ ಊಟದ ಕೋಣೆ ಎದ್ದಿದೆ. ಗೋಷ್ತಿನ ದೇಗು ಹೊತ್ತು ಬೆವರಿದವನು ಆ ಬಾಗಿಲು ತೆರೆದುಕೊಡುತ್ತಾನೆ, ಒಳಗೆ ಕೂರುವುದಿಲ್ಲ. ವಿಮಾನದವರು ಪರದೆ ಹಾಕಿದರೆ ನಾವು ಗಾಜು ಹಾಕಿದ್ದೇವೆ, ಅಷ್ಟೇ ವ್ಯತ್ಯಾಸ.

ಈಗ ಪರದೆಯ ಮಾತು. ಹಾರಾಟ ಶುರುವಾಗಿ ಎರಡು ಗಂಟೆಯ ಮೇಲೆ ಅಮ್ಮಿಗೆ ಬಿಪಿ ಮಾತ್ರೆ ಕೊಡಲು ಮುಂದೆ ಹೋದೆವು. ಪರದೆಯ ಬಳಿ ಗಗನಸಖಿ ತಡೆದಳು. ಒರಟಾಗಿ ಅಲ್ಲ, ನಗುತ್ತಲೇ. “ಅಲ್ಲಿ ಆ ದರ್ಜೆಯವರು ಮಾತ್ರ. ಕೊಡಿ, ನಾನೇ ತಲುಪಿಸುತ್ತೇನೆ” ಎಂದಳು. ಮಾತ್ರೆ ತಲುಪಿತು. ಅವಳ ತಪ್ಪೇನಿಲ್ಲ, ಅವಳು ಸಂಬಳಕ್ಕೆ ನಿಂತ ಕಾವಲು. ಆದರೆ ಅಮ್ಮಿಗೆ ಇಂಗ್ಲಿಷ್ ಬರುವುದಿಲ್ಲ, ಆ ಹುಡುಗಿಗೆ ನಮ್ಮ ದಖನಿ ಬರುವುದಿಲ್ಲ. ಅಪರಿಚಿತಳ ಅಂಗೈಯಲ್ಲಿ ಒಂದು ಬಿಳಿ ಗುಳಿಗೆ. ಅಮ್ಮಿ ಅದನ್ನು ನುಂಗದೆ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡರು.

ಸ್ವಲ್ಪ ಹೊತ್ತಿಗೆ ನೋಡಿದರೆ ಅವರೇ ಕುರ್ಚಿ ಕುರ್ಚಿ ಹಿಡಿದುಕೊಂಡು ನಮ್ಮ ಸಾಲಿಗೆ ಬರುತ್ತಿದ್ದಾರೆ! ಅವರನ್ನು ಯಾರೂ ತಡೆಯಲಿಲ್ಲ. ಮೇಲಿನಿಂದ ಕೆಳಗೆ ಬರಲು ಅಡ್ಡಿಯಿಲ್ಲ, ಕೆಳಗಿನಿಂದ ಮೇಲೆ ಹೋಗಲು ಮಾತ್ರ ಪರದೆ. ಗಂಟು ಬಿಚ್ಚಿ ಮಾತ್ರೆ ತೋರಿಸಿ, “ಇದು ನೀವು ಕಳಿಸಿದ್ದಾ?” ಎಂದು ಕೇಳಿ, ಹೌದೆಂದ ಮೇಲೆ ನುಂಗಿದರು. ಆಮೇಲೆ ಕಿವಿಯ ಹತ್ತಿರ ಬಗ್ಗಿ, “ನಮ್ಮ ಮುಂದೆಯೂ ಇನ್ನೊಂದು ಪರದೆ ಇದೆಯಲ್ಲ, ಅಲ್ಲಿ ಹೆಂಗಸರನ್ನು ಕೂರಿಸಿದ್ದಾರಾ?” ಎಂದರು. ಅಲ್ಲ, ಅಲ್ಲಿ ಹೆಚ್ಚು ಹಣ ಕೊಟ್ಟವರು ಇದ್ದಾರೆ ಎಂದೆವು. ಅಮ್ಮಿಗೆ ಆಶ್ಚರ್ಯ. “ಹಣ ಇದ್ದವರಿಗೆ ಪರದೆ ಯಾಕೆ? ಅವರನ್ನು ಯಾರು ನೋಡ್ತಾರೆ?” ನಮ್ಮ ಹೆಣ್ಣುಮಕ್ಕಳ ಪರದೆಯ ಬಗ್ಗೆ ಪುಟಗಟ್ಟಲೆ ಬರೆಯುವ ಪಂಡಿತರು ಈ ಪರದೆಯ ಬಗ್ಗೆ ಒಂದು ಸಾಲು ಬರೆದದ್ದನ್ನು ನಾವು ಕಂಡಿಲ್ಲ.

ಪರದೆ ಬರೀ ಬಟ್ಟೆಯಲ್ಲ. ಕ್ಯಾಥರಿನ್ ಡಿಸೆಲ್ಸ್ ಮತ್ತು ಮೈಕೆಲ್ ನಾರ್ಟನ್ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ದರ್ಜೆ ಇರುವ ವಿಮಾನಗಳ ಎಕಾನಮಿಯಲ್ಲಿ ಪ್ರಯಾಣಿಕರು ರೇಗಿ ಜಗಳಕ್ಕಿಳಿಯುವ ಸಂಭವ ನಾಲ್ಕು ಪಟ್ಟಿನ ಸನಿಹಕ್ಕೆ ಏರುತ್ತದೆ. ಆ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದಾರೆ, ಆದ್ದರಿಂದ ಅಂಕಿಗೆ ಜೋತುಬೀಳುವುದು ಬೇಡ. ಅಗಲವಾದ ಕುರ್ಚಿಗಳ ನಡುವೆ ಹಾಯ್ದು ತನ್ನ ಇಕ್ಕಟ್ಟಿನ ಮೂಲೆಗೆ ಚೀಲ ಎಳೆದುಕೊಂಡು ಹೋದ ಯಾರಿಗಾದರೂ ಅದರ ತಿರುಳು ಗೊತ್ತು.

ಮರಳಿ ಬರುವಾಗ ಅಮ್ಮಿ ಹಟ ಹಿಡಿದರು. “ಅಲ್ಲಿ ಜಾಗ ಜಾಸ್ತಿ ಇದೆ, ಮಾತಾಡೋಕೆ ಯಾರೂ ಇಲ್ಲ. ನಿಮ್ಮ ಪಕ್ಕದಲ್ಲೇ ಕೂರ್ತೀನಿ” ಎಂದರು. ತಂಗಿ ಎಷ್ಟು ಹೇಳಿದರೂ ಕೇಳಲಿಲ್ಲ. ಇಬ್ಬರೂ ಎಕಾನಮಿಯಲ್ಲಿ ಬಂದೆವು. ಕತೆಗಾರರಾದ ನಮಗೆ ಇಲ್ಲಿಗೆ ಕತೆ ಮುಗಿಸುವ ಆಸೆ. ತಾಯಿಪ್ರೀತಿ ಏಳು ಇಂಚನ್ನು ಗೆದ್ದಿತು ಎಂದು ಬರೆದರೆ ಓದುಗರಿಗೂ ಹಿತ. ಆದರೆ ಸತ್ಯ ಹಾಗಿಲ್ಲ. ಅರ್ಧ ದಾರಿಯಲ್ಲೇ ಅವರ ಮೊಣಕಾಲು ಊದಿಕೊಂಡವು. ದೇವನಹಳ್ಳಿಯಲ್ಲಿ ಗಾಲಿಕುರ್ಚಿ ತರಿಸಬೇಕಾಯಿತು, ಮನೆಯಲ್ಲಿ ಮೂರು ದಿನ ಹಾಸಿಗೆ ಬಿಡಲಿಲ್ಲ. ಮನುಷ್ಯನ ಸಂಗ ಬೇಕೋ ಮೊಣಕಾಲಿನ ಸೌಖ್ಯ ಬೇಕೋ ಎಂದು ಎಪ್ಪತ್ತೆರಡರ ಹೆಂಗಸು ಆರಿಸಿಕೊಳ್ಳಬೇಕಾಗಿ ಬಂದದ್ದೇ ಇಲ್ಲಿನ ಅನ್ಯಾಯ.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಪಯಣಿಸಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಅಪಾಯ ಸಣ್ಣದೇ, ಯಾವ ದರ್ಜೆಯಲ್ಲಾದರೂ ಎದ್ದು ಓಡಾಡದಿದ್ದರೆ ಅದು ತಪ್ಪಿದ್ದಲ್ಲ. ಆದರೆ ಎದ್ದು ಓಡಾಡಲು ಕಾಲು ಬಿಡಿಸಿಕೊಳ್ಳುವಷ್ಟಾದರೂ ಜಾಗ ಬೇಡವೇ? ಆಸನಗಳ ಕನಿಷ್ಠ ಅಳತೆ ಗೊತ್ತುಮಾಡಿ ಎಂದು ಅಮೆರಿಕದ ಸಂಸತ್ತು 2018ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆಗೆ ಹೇಳಿತು. ಇಲಾಖೆ 2022ರಲ್ಲಿ ಜನರ ಅಭಿಪ್ರಾಯ ಕೇಳಿತು, ಅದೂ ಅಪಘಾತವಾದಾಗ ಹೊರಗೆ ಓಡಲು ತೊಡಕಾಗುತ್ತದೆಯೇ ಎಂಬಷ್ಟಕ್ಕೆ. ಓಡಿಹೋಗುವಾಗಿನ ಮನುಷ್ಯನ ಚಿಂತೆ ಇದೆ, ಕೂತಿರುವಾಗಿನ ಮನುಷ್ಯನ ಚಿಂತೆ ಇಲ್ಲ.

ಹಣವುಳ್ಳವರು ಪಿಂಗಾಣಿ ತಟ್ಟೆ, ಗಾಜಿನ ಲೋಟ, ಬೇರೆ ಸಾಲು ಎಲ್ಲವನ್ನೂ ಕೊಂಡುಕೊಳ್ಳಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮೊಣಕಾಲಿನ ಜಾಗವನ್ನು ಆ ಪಟ್ಟಿಯಿಂದ ಹೊರಗಿಡಬೇಕು. ಅದು ಅಂತಸ್ತಿನ ಸಂಗತಿಯಲ್ಲ, ಮೂಳೆಯ ಸಂಗತಿ.

ನಮ್ಮ ಮೇಷ್ಟ್ರು ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದಾಗ ನಾವು ಮಿತವ್ಯಯದ ಬಗ್ಗೆ ಒಂದು ಪುಟ ಬರೆದಿದ್ದೆವು. ಹಾಸಿಗೆಯನ್ನು ಮೊಟಕು ಮಾಡಿದವರು ಯಾರು ಎಂಬ ಪ್ರಶ್ನೆ ಅಂದು ನಮಗೂ ಹೊಳೆಯಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಇಂದು ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡುತ್ತೇವೆ.