ನೆರಳಿನ ಕಪ್ಪು, ತೊಗಲಿನ ಬಣ್ಣ: ಪ್ರಿಮ್‌ರೋಸ್ ಸಂಸ್ಥೆಯ ಮಕ್ಕಳ ಚಿತ್ರಗಳೂ ನಮ್ಮ ತೊಗಲುಗೊಂಬೆಯಾಟವೂ

ಚಿತ್ರದ ಮೂಲಕ ಕಥೆ ಹೇಳುವ ಪದ್ಧತಿ ಮಲಪ್ರಭಾ ಕಣಿವೆಗೆ ಹೊಸತಲ್ಲ. ಐಹೊಳೆಯ ದುರ್ಗ ಗುಡಿಯ ಹೊರ ಪ್ರದಕ್ಷಿಣಾ ಪಥದಲ್ಲಿ ನಡೆದುಹೋಗುವವನಿಗೆ ಶಿವ, ನರಸಿಂಹ, ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಶಿಲ್ಪಗಳು ಒಂದರ ಬಳಿಕ ಒಂದು ಎದುರಾಗುತ್ತವೆ. ಪ್ರತಿಯೊಂದು ಶಿಲ್ಪವೂ ಒಂದು ಪುರಾಣ ಪ್ರಸಂಗವನ್ನು ಒಂದೇ ಭಂಗಿಯಲ್ಲಿ ಹಿಡಿದಿಟ್ಟಿದೆ. ಸಮೀಪದ ಪಟ್ಟದಕಲ್ಲಿನ ಪಾಪನಾಥ ಗುಡಿಯಲ್ಲಿ ಈ ಕ್ರಮ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ರಾಮಾಯಣದ ಪ್ರಸಂಗಗಳು ಗೋಡೆಯ ಉದ್ದಕ್ಕೂ ಫಲಕಗಳಾಗಿ ಸಾಗುತ್ತವೆ. ಪಾತ್ರಗಳ ಹೆಸರುಗಳನ್ನೂ ಕಲ್ಲಿನಲ್ಲಿ ಕೊರೆಯಲಾಗಿದೆ. ಈ ಎರಡೂ ಕಡೆ ಚಿತ್ರ ನಿಂತಲ್ಲಿಯೇ ನಿಂತಿರುತ್ತದೆ. ಚಲಿಸುವುದು ನೋಡುವವನ ಕಾಲು. ಇದೇ ಸೀಮೆಯ ಊರೂರು ತಿರುಗಿದ ಕಿಳ್ಳೇಕ್ಯಾತರ ತೊಗಲುಗೊಂಬೆಯಾಟದಲ್ಲಿ ನೋಡುವವನು ಕುಳಿತಿರುತ್ತಾನೆ. ಚಲಿಸುವುದು ಆಡಿಸುವವನ ಕೈ. ಅನಿಮೇಷನ್ ಚಿತ್ರದಲ್ಲಿ ಕಾಲೂ ಇಲ್ಲ, ಕೈಯೂ ಕಾಣುವುದಿಲ್ಲ. ಚಲನೆಯ ಹೊಣೆಯನ್ನು ಯಂತ್ರ ವಹಿಸಿಕೊಂಡಿರುತ್ತದೆ.

ಈ ಮೂರನೆಯ ಸ್ಥಿತಿಯನ್ನು ಕುರಿತು ಇಂದು ವಿಶೇಷವಾಗಿ ಯೋಚಿಸಬೇಕಾಗಿದೆ. ತೊಗಲುಗೊಂಬೆಗಳನ್ನು ಮಕ್ಕಳ ಅನಿಮೇಷನ್ನಿಗೆ ಅಳವಡಿಸಿದರೆ ಈ ಕಲೆ ಉಳಿಯುತ್ತದೆ ಎಂಬ ಮಾತು ವಿಚಾರಗೋಷ್ಠಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಮಾತಿನ ಸತ್ಯಾಸತ್ಯತೆಯನ್ನು ಪರೀಕ್ಷಿಸಲು ನೆರಳುಗೊಂಬೆಯ ತತ್ತ್ವದ ಮೇಲೆಯೇ ನಿಂತಿದ್ದ ಬ್ರಿಟನ್ನಿನ ಒಂದು ಮಕ್ಕಳ ಟೆಲಿವಿಷನ್ ಚಿತ್ರಸಂಸ್ಥೆಯ ಕೃತಿಗಳನ್ನು ವಿಮರ್ಶಿಸುವುದು ಉಪಯುಕ್ತ. ಪ್ರಸ್ತುತ ಪ್ರಬಂಧದ ಉದ್ದೇಶವೂ ಅಷ್ಟೇ.

ಆ ಸಂಸ್ಥೆ ಪ್ರಿಮ್‌ರೋಸ್ ಪ್ರೊಡಕ್ಷನ್ಸ್. 1950ರ ದಶಕದ ಆರಂಭದಲ್ಲಿ ಲೂಯಿ ಹಾಗೆನ್ ಅವರ ನಿರ್ಮಾಣದಲ್ಲಿ ಇದು ಕೆಲಸ ಮಾಡಿತು. ಇದರ ಜೀವಾಳವಾಗಿದ್ದವರು ಜರ್ಮನಿಯಲ್ಲಿ 1899ರಲ್ಲಿ ಜನಿಸಿದ ಲೊಟೆ ರೈನಿಗರ್. 1926ರಲ್ಲಿ ತೆರೆಕಂಡ ಅವರ 'ರಾಜಕುಮಾರ ಅಹಮದನ ಸಾಹಸಗಳು' ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು. ಮಹಾಯುದ್ಧದ ತರುವಾಯ, 1949ರಲ್ಲಿ, ಅವರು ಪತಿ ಕಾರ್ಲ್ ಕೋಖ್ ಅವರೊಡನೆ ಇಂಗ್ಲೆಂಡಿಗೆ ಬಂದು ಲಂಡನ್ನಿನ ಉತ್ತರದ ಅಂಚಿನಲ್ಲಿ ನೆಲೆಸಿದರು. ಅಲ್ಲಿ ಕೆಲವೇ ವರ್ಷಗಳ ಅವಧಿಯಲ್ಲಿ ಸುಮಾರು ಹತ್ತು ಹತ್ತು ನಿಮಿಷಗಳ ಹನ್ನೆರಡಕ್ಕೂ ಹೆಚ್ಚು ಕಥಾಚಿತ್ರಗಳು ಟೆಲಿವಿಷನ್‌ಗಾಗಿ ಸಿದ್ಧಗೊಂಡವು. ಸಿಂಡರೆಲಾ, ಕಪ್ಪೆ ರಾಜಕುಮಾರ, ಬೂಟು ತೊಟ್ಟ ಬೆಕ್ಕು, ಕೊಕ್ಕರೆಯಾದ ಖಲೀಫ, ಮಿಡತೆ ಮತ್ತು ಇರುವೆ, ಹೆನ್ಸೆಲ್ ಮತ್ತು ಗ್ರೆಟೆಲ್ ಮುಂತಾದವು ಇವುಗಳಲ್ಲಿ ಸೇರಿವೆ. ಧೀರ ದರ್ಜಿಯ ಕಥೆಯನ್ನುಳ್ಳ ಚಿತ್ರಕ್ಕೆ 1955ರಲ್ಲಿ ವೆನಿಸ್ ಉತ್ಸವದ ಬೆಳ್ಳಿಯ ಡಾಲ್ಫಿನ್ ಪ್ರಶಸ್ತಿ ದೊರೆಯಿತು.

ಈ ಚಿತ್ರಗಳ ತಯಾರಿಕೆಯ ವಿಧಾನ ನಮ್ಮ ಗೊಂಬೆಕಾರರಿಗೆ ಅಪರಿಚಿತವೆನಿಸದು. ರೈನಿಗರ್ ಕಪ್ಪು ರಟ್ಟಿನಲ್ಲಿ ಆಕೃತಿಗಳನ್ನು ಕತ್ತರಿಸಿ, ತೆಳು ಸೀಸದ ತಗಡು ಸೇರಿಸಿ, ಅಂಗಾಂಗಗಳನ್ನು ತಂತಿಯ ಕೀಲುಗಳಿಂದ ಜೋಡಿಸುತ್ತಿದ್ದರು. ಗಾಜಿನ ಮೇಜಿನ ಮೇಲೆ ಗೊಂಬೆ, ಕೆಳಗಿನಿಂದ ಬೆಳಕು, ಮೇಲಿನಿಂದ ಕ್ಯಾಮೆರಾ. ಗೊಂಬೆಯ ಅಂಗವನ್ನು ಕೂದಲೆಳೆಯಷ್ಟು ಸರಿಸುವುದು, ಚಿತ್ರ ತೆಗೆಯುವುದು, ಮತ್ತೆ ಸರಿಸುವುದು ಇದರ ಕ್ರಮ. ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕದಲ್ಲಿ ಹತ್ತು ನಿಮಿಷದ ಚಿತ್ರವೊಂದರಲ್ಲಿ 14,400 ಚೌಕಟ್ಟುಗಳು ಹಾಯ್ದುಹೋಗುತ್ತವೆ.

ತತ್ತ್ವ ಒಂದೇ ಆದರೂ ಎರಡು ಕಲೆಗಳ ಸೌಂದರ್ಯದೃಷ್ಟಿ ಬೇರೆ. ನಮ್ಮ ಗೊಂಬೆ ಹದಮಾಡಿದ ತೊಗಲಿನದು. ಬೆಳಕು ಅದರೊಳಗಿಂದ ಹಾಯುತ್ತದೆ. ಕೆಂಪು, ಹಸಿರು, ಕಪ್ಪು ವರ್ಣಗಳೂ ಉಳಿಯಿಂದ ಕೊರೆದ ಆಭರಣದ ರಂಧ್ರಗಳೂ ಪರದೆಯ ಮೇಲೆ ಹೊಳೆಯುತ್ತವೆ. ರೈನಿಗರ್ ಅವರ ಗೊಂಬೆ ಬೆಳಕನ್ನು ತಡೆಯುತ್ತದೆ. ಅದರಲ್ಲಿ ಕಣ್ಣು, ಹುಬ್ಬು, ಬಣ್ಣ ಯಾವುದೂ ಇಲ್ಲ. ಭಾವವೆಲ್ಲ ಹೊರರೇಖೆಯಲ್ಲಿ ಮಾತ್ರ ವ್ಯಕ್ತವಾಗಬೇಕು. ಆದ್ದರಿಂದಲೇ ಅವರಿಗೆ ಕೀಲುಗಳು ಅನಿವಾರ್ಯವಾದವು. ಕತ್ತಿನ ಬಾಗು, ಬೆರಳಿನ ತುದಿ, ಮಂಡಿಯ ಮಡಿಕೆ ಇವುಗಳಲ್ಲಿ ನಾಚಿಕೆ, ಭಯ, ಒಯ್ಯಾರಗಳನ್ನು ಅವರು ತೋರಿಸಿದ ರೀತಿ ಅಸಾಧಾರಣವಾದುದು. ನಮ್ಮಲ್ಲಿ ಹಲವು ಗೊಂಬೆಗಳಿಗೆ ಕೀಲುಗಳೇ ಇಲ್ಲ. ರಾಜನೂ ಅವನ ಪರಿವಾರವೂ ಒಂದೇ ತೊಗಲಿನಲ್ಲಿ ಮೂಡಿರುವ ಗೊಂಬೆಗಳಿವೆ. ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆಗಳಿವೆ. ಈ ದೃಷ್ಟಿಯಿಂದ ನಮ್ಮ ಗೊಂಬೆ ಸಿನಿಮಾಕ್ಕಿಂತ ಐಹೊಳೆಯ ಶಿಲ್ಪಕ್ಕೆ ಹತ್ತಿರವಾದುದು: ಒಂದು ಪ್ರಸಂಗ, ಒಂದು ಭಂಗಿ. ಕೀಲಿಲ್ಲದ ಆ ಗೊಂಬೆಗೆ ಚಲನೆ ತರುವುದು ಆಡಿಸುವವನ ಮಾತು, ಹಾಡು, ಮದ್ದಳೆಯ ಪೆಟ್ಟು. ಇದನ್ನು ಗಮನಿಸದೆ ಹಳೆಯ ಗೊಂಬೆಯ ಚಿತ್ರವನ್ನು ತುಂಡರಿಸಿ, ಕಂಪ್ಯೂಟರಿನಲ್ಲಿ ಕೈಕಾಲು ಆಡಿಸಿದರೆ ಅದು ಚಲಿಸುತ್ತದೆಯೇ ಹೊರತು ಆಡುವುದಿಲ್ಲ.

ಪ್ರಿಮ್‌ರೋಸ್ ಚಿತ್ರಗಳ ಗುಣ ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ರೂಪಾಂತರದ ಕಥೆಗಳಲ್ಲಿ. ಹಾಫ್ ಬರೆದ ಕಥೆಯನ್ನು ಆಧರಿಸಿದ 'ಕೊಕ್ಕರೆಯಾದ ಖಲೀಫ'ದಲ್ಲಿ ಅರಸನು ಹಕ್ಕಿಯಾಗುತ್ತಾನೆ. ನೆರಳಿಗೆ ಒಳವಿವರವಿಲ್ಲದ ಕಾರಣ ಮನುಷ್ಯನ ಹೊರರೇಖೆ ಹಕ್ಕಿಯ ಹೊರರೇಖೆಗೆ ತಿರುಗುವುದನ್ನು ಮಗುವಿನ ಕಣ್ಣು ತಕರಾರಿಲ್ಲದೆ ಒಪ್ಪುತ್ತದೆ. ಕಪ್ಪು ಬಣ್ಣದ ಬಡತನವೇ ಇಲ್ಲಿ ಸಿರಿಯಾಗಿದೆ. ದರ್ಜಿಯ ಕಥೆಯಲ್ಲಿ ಸಣ್ಣವನು ರಾಕ್ಷಸಾಕಾರದವರನ್ನು ಜಾಣತನದಿಂದ ಗೆಲ್ಲುತ್ತಾನೆ. ಗಾತ್ರದ ವ್ಯತ್ಯಾಸವನ್ನು ತೋರಿಸಲು ನೆರಳಿಗಿಂತ ಉತ್ತಮ ಸಾಧನವಿಲ್ಲ. ನಮ್ಮಲ್ಲಿಯೂ ಗಾತ್ರಕ್ಕೆ ಅರ್ಥವಿದೆ, ಆದರೆ ಅದು ಅಂತಸ್ತಿನ ಅರ್ಥ: ದೇವರು, ಅರಸು ದೊಡ್ಡ ಗೊಂಬೆಗಳು, ಸೇವಕರು ಚಿಕ್ಕವು. ಈ ಶ್ರೇಣಿಯನ್ನು ಬುಡಮೇಲು ಮಾಡುವವನೇ ಕಿಳ್ಳೇಕ್ಯಾತ. ಗಣಪತಿ, ಶಾರದೆಯರ ಸ್ತುತಿಯ ಬಳಿಕ ಬಂಗಾರಕ್ಕನೊಡನೆ ಪರದೆಗೆ ಬರುವ ಈ ಕುರೂಪಿ ಹಾಸ್ಯಗಾರನು ಮಾತಿನ ಬಲದಿಂದಲೇ ದೊಡ್ಡವರನ್ನು ಕುಗ್ಗಿಸುತ್ತಾನೆ. ಜರ್ಮನ್ ದರ್ಜಿಗೂ ನಮ್ಮ ಕಿಳ್ಳೇಕ್ಯಾತನಿಗೂ ಸಂಬಂಧ ಕಲ್ಪಿಸುವ ಅಗತ್ಯವಿಲ್ಲ. ಮಕ್ಕಳು ಇಬ್ಬರನ್ನೂ ಮೆಚ್ಚುವ ಕಾರಣ ಮಾತ್ರ ಒಂದೇ.

ಇನ್ನು ದೋಷದ ವಿಚಾರ. ಪ್ರಿಮ್‌ರೋಸ್ ಚಿತ್ರಗಳ ದುರ್ಬಲ ಅಂಶ ಅವುಗಳ ನಿರೂಪಣೆ. ಟೆಲಿವಿಷನ್ನಿನ ಅಗತ್ಯಕ್ಕಾಗಿ ಸೇರಿಸಿದ ಇಂಗ್ಲಿಷ್ ಧ್ವನಿ ಚಿತ್ರವು ಆಗಲೇ ತೋರಿಸಿದ್ದನ್ನು ಅನೇಕ ಕಡೆ ಮತ್ತೊಮ್ಮೆ ಹೇಳುತ್ತದೆ. ರೈನಿಗರ್ 1922ರಲ್ಲಿ ಜರ್ಮನಿಯಲ್ಲಿ ಮಾಡಿದ ಮೂಕ ಸಿಂಡರೆಲಾ ಚಿತ್ರವು ಕತ್ತರಿ ಹಿಡಿದ ಕೈಗಳು ಗೊಂಬೆಯನ್ನು ಕತ್ತರಿಸುವ ದೃಶ್ಯದಿಂದ ಆರಂಭವಾಗುತ್ತದೆ. ಆಡಿಸುವ ಕೈಯ ಸಾನ್ನಿಧ್ಯವನ್ನು ಅಲ್ಲಿ ನೋಡುವವನು ಅರಿಯುತ್ತಾನೆ. ಪ್ರಿಮ್‌ರೋಸ್ ಕಾಲಕ್ಕೆ ಕೈ ಮರೆಯಾಗಿ, ಅದರ ಜಾಗಕ್ಕೆ ಬೇರೊಬ್ಬರ ಧ್ವನಿ ಬಂದು ಕುಳಿತಿತು. ಗೊಂಬೆ ಕತ್ತರಿಸಿದವರು ಒಬ್ಬರು, ಕಥೆ ಹೇಳುವವರು ಇನ್ನೊಬ್ಬರು ಎಂಬ ಬಿರುಕು ಅಲ್ಲಿ ಮೂಡಿತು. ಬ್ರಿಟನ್ನಿನ ಮಕ್ಕಳ ಟೆಲಿವಿಷನ್ ಈ ಬಿರುಕನ್ನು ಮುಂದೆ ತಾನೇ ಸರಿಪಡಿಸಿಕೊಂಡದ್ದು ಗಮನಾರ್ಹ. 1959ರಲ್ಲಿ ಆಲಿವರ್ ಪೋಸ್ಟ್‌ಗೇಟ್ ಮತ್ತು ಪೀಟರ್ ಫರ್ಮಿನ್ ಆರಂಭಿಸಿದ ಸ್ಮಾಲ್‌ಫಿಲ್ಮ್ಸ್ ಸಂಸ್ಥೆ ಕೆಂಟ್ ಸೀಮೆಯ ಹಳೆಯ ದನದ ಕೊಟ್ಟಿಗೆಯೊಂದರಲ್ಲಿ ಕೆಲಸ ಮಾಡಿತು. ಅಲ್ಲಿ ಕಥೆ ಬರೆದವರು, ಗೊಂಬೆ ಸರಿಸಿದವರು, ಕಥೆ ಹೇಳಿದವರು ಬಹುಮಟ್ಟಿಗೆ ಪೋಸ್ಟ್‌ಗೇಟ್ ಒಬ್ಬರೇ. 1974ರ 'ಬ್ಯಾಗ್‌ಪಸ್' ಕೇವಲ 13 ಕಂತುಗಳದ್ದಾದರೂ ಒಂದು ತಲೆಮಾರಿನ ನೆನಪಿನಲ್ಲಿ ನಿಂತದ್ದು ಕೈ ಮತ್ತು ಕೊರಳು ಒಂದೇ ಆಗಿದ್ದುದರಿಂದ ಎಂದು ಹೇಳಬಹುದು.

ಕೈಯೂ ಕೊರಳೂ ಒಂದಾಗಿರುವ ಈ ಗುಣ ಕಿಳ್ಳೇಕ್ಯಾತರ ಮೇಳಕ್ಕೆ ಹುಟ್ಟಿನಿಂದ ಬಂದುದು. ಕಂಬಳಿ ಕಟ್ಟಿದ ಪುಟ್ಟ ರಂಗದೊಳಗೆ ಮನೆಮಂದಿಯೇ ಮೇಳ: ಗೊಂಬೆಯಾಡಿಸುವವನೇ ಸಂಭಾಷಣೆ ಹೇಳುತ್ತಾನೆ, ಹೆಂಗಸರು ದನಿಗೂಡಿಸುತ್ತಾರೆ, ಮಕ್ಕಳು ಗೊಂಬೆ ಎತ್ತಿಕೊಡುತ್ತಾ ಕಲಿಯುತ್ತಾರೆ. ಮನೆಯಲ್ಲಿ ಮರಾಠಿ ಮೂಲದ ಮಾತನಾಡುವ ಈ ಜನ ಪರದೆಯ ಹಿಂದೆ ಊರವರ ಕನ್ನಡವನ್ನಾಡುತ್ತಾರೆ. ಆಯಾ ಊರಿನ ಸುದ್ದಿ, ಗೌಡರ ಹೆಸರು, ಬಾರದ ಮಳೆ ಎಲ್ಲವೂ ಕಿಳ್ಳೇಕ್ಯಾತನ ಬಾಯಿಗೆ ಬರುತ್ತದೆ. ಇದನ್ನು ಒಮ್ಮೆ ಚಿತ್ರೀಕರಿಸಿದೊಡನೆ ಒಂದೂರಿನ ಒಂದು ರಾತ್ರಿ ಎಲ್ಲ ಊರುಗಳ ಎಲ್ಲ ರಾತ್ರಿಗಳೂ ಆಗಿಬಿಡುತ್ತದೆ. ಮೊದಲು ಬಿದ್ದುಹೋಗುವುದು ಹಾಸ್ಯಗಾರನ ಪಾತ್ರ. ಕಥೆಗೆ ಅವನು ಅನಗತ್ಯವೆಂದು ಸಂಕಲನಕಾರ ಭಾವಿಸುತ್ತಾನೆ. ಆದರೆ ಪುರಾಣವನ್ನು ಮಗುವಿನ ಬಳಿಗೆ ತರುವವನೇ ಅವನು.

ಹಾಗೆಂದು ಹೊಸ ಮಾಧ್ಯಮ ಬೇಡವೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟ, ಗಾಂಧೀಜಿಯವರ ಬದುಕು ಮುಂತಾದ ವಸ್ತುಗಳನ್ನು ತೊಗಲುಗೊಂಬೆಗೆ ತಂದು ಈ ಕಲೆ ಹೊಸತನ್ನು ಅರಗಿಸಿಕೊಳ್ಳಬಲ್ಲದೆಂದು ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಪದ್ಮಶ್ರೀ ಸಂದಿತು. ಮನ್ನಣೆ ಬಂದಿದೆ. ಆದರೆ ಗೊಂಬೆಯ ಪೆಟ್ಟಿಗೆ ತೆರೆಯುವ ಮುಂದಿನ ಕೈಗಳು ಎಷ್ಟಿವೆ ಎಂಬ ಪ್ರಶ್ನೆಗೆ ಮನ್ನಣೆ ಉತ್ತರವಾಗದು.

ಪ್ರಿಮ್‌ರೋಸ್ ಸಂಸ್ಥೆಯಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ ಇಲ್ಲಿದೆ. ಆ ಚಿತ್ರಗಳು ಯಾರದೋ ಗೊಂಬೆಗಳ ನಕಲಲ್ಲ. ಕತ್ತರಿ ಹಿಡಿದ ಕಲಾವಿದೆಯೇ ಅಲ್ಲಿ ಚಿತ್ರದ ಕರ್ತೃ. ನೆರಳಿನ ಕಲೆ ಸಿನಿಮಾಕ್ಕೆ ಹೋದಾಗ ಕಲಾವಿದೆಯೂ ಅದರ ಜೊತೆ ಹೋದರು. ನಮ್ಮಲ್ಲಿ ಪ್ರಸ್ತಾಪವಾಗುವ ಯೋಜನೆಗಳಲ್ಲಿ ಗೊಂಬೆ ಮಾತ್ರ ಹೋಗಿ ಗೊಂಬೆಕಾರ ಹೊರಗುಳಿಯುವ ಸಂಭವವಿದೆ. ಆಗ ಶಿಳ್ಳೇಕ್ಯಾತರ ತೊಗಲು ಒಂದು ವಿನ್ಯಾಸದ ಮಾದರಿಯಾಗುತ್ತದೆ; ಅದನ್ನು ಕೊರೆದವರ ಮಕ್ಕಳಿಗೆ ಅದರಲ್ಲಿ ಹೆಸರೂ ಇಲ್ಲ, ಅನ್ನವೂ ಇಲ್ಲ. ಆದುದರಿಂದ ದಾಖಲಾತಿ ನಡೆಸುವ ಸಂಸ್ಥೆಗಳು ಪರದೆಯ ಮುಂಭಾಗವನ್ನಷ್ಟೇ ಚಿತ್ರೀಕರಿಸದೆ, ಹಿಂಭಾಗದ ಕೈಗಳನ್ನೂ ಇಡೀ ರಾತ್ರಿಯ ಮಾತನ್ನೂ ನೋಡುವವರ ನಗುವನ್ನೂ ದಾಖಲಿಸಬೇಕು. ಅನಿಮೇಷನ್ ಆಗಬೇಕಾದಲ್ಲಿ ಆ ಸಮುದಾಯದ ಎಳೆಯರಿಗೇ ಕ್ಯಾಮೆರಾ, ಕಂಪ್ಯೂಟರುಗಳ ತರಬೇತಿ ದೊರೆಯಬೇಕು. ಐಹೊಳೆಯ ಶಿಲ್ಪ ಉಳಿಯಲು ಕಲ್ಲು ಸಾಕಾಯಿತು. ಅದನ್ನು ಕಡೆದವರು ಹೋದ ಮೇಲೂ ಅದು ನಿಂತಿದೆ. ತೊಗಲುಗೊಂಬೆಗೆ ಆ ಅನುಕೂಲವಿಲ್ಲ. ಆಡಿಸುವವನಿಲ್ಲದ ದಿನ ಅದು ಪೆಟ್ಟಿಗೆಯೊಳಗಿನ ತೊಗಲು ಮಾತ್ರ.