ಉಳಿದ ಅರ್ಧ ಗಂಟೆ ಯಾರದ್ದು?

ಕಳೆದ ದೀಪಾವಳಿಗೆ ಆಫೀಸಿನ ಗೆಳೆಯನೊಬ್ಬ ಸ್ವೀಟ್ ಬಾಕ್ಸ್ ಬದಲು ಒಂದು ಪುಸ್ತಕ ಕೊಟ್ಟ. ಹೆಸರು ‘ಟೈಮ್ ಸ್ಮಾರ್ಟ್’. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಪಾಠ ಮಾಡುವ ಆಶ್ಲಿ ವಿಲನ್ಸ್ ಬರೆದದ್ದು, 2020ರಲ್ಲಿ ಬಂದದ್ದು. “ಮಗಾ, ನಿಂಗೆ ಬೇಕಾಗಿರೋದು ಇನ್‌ಕ್ರಿಮೆಂಟ್ ಅಲ್ಲ, ಇದು” ಅಂದ. ಅವನಿಗೆ ನನ್ನ ದಿನಚರಿ ಗೊತ್ತು. ಬೆಳಿಗ್ಗೆ 6.50ಕ್ಕೆ ಕೋಣನಕುಂಟೆ ಕ್ರಾಸ್‌ನಲ್ಲಿ ಕಂಪನಿ ಬಸ್ಸು ಹತ್ತಬೇಕು. ತಲಘಟ್ಟಪುರ, ಕಗ್ಗಲೀಪುರ ದಾಟಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶ. ಸಂಜೆ ಅದೇ ದಾರಿಯಲ್ಲಿ ವಾಪಸ್. ಮೆಟ್ರೊ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆವರೆಗೆ ಬಂದು ಅಲ್ಲೇ ನಿಂತಿತು. ನಮ್ಮ ಕಾರ್ಖಾನೆ ಇರುವುದು ಅದಕ್ಕೂ ಆಚೆ. ಹಾಗಾಗಿ ಬಸ್ಸೇ ಗತಿ, ಪುಸ್ತಕ ಓದಿದ್ದೂ ಬಸ್ಸಿನಲ್ಲೇ.

ಪುಸ್ತಕ ಹೇಳುವುದು ಇಷ್ಟು: ನಮ್ಮನ್ನು ಕಾಡುವ ಬಡತನ ಬರೀ ದುಡ್ಡಿನದಲ್ಲ, ಸಮಯದ್ದೂ ಹೌದು. ಸಂಬಳ ಹೆಚ್ಚಾದಾಗ ನಾವು ದೊಡ್ಡ ಟಿವಿ ಕೊಳ್ಳುತ್ತೇವೆ, ಸಮಯ ಕೊಳ್ಳುವುದಿಲ್ಲ. ಇಷ್ಟವಿಲ್ಲದ ಕೆಲಸವನ್ನು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿ, ಉಳಿದ ಹೊತ್ತನ್ನು ಇಷ್ಟದ ಜನರ ಜೊತೆ ಕಳೆದರೆ ನೆಮ್ಮದಿ ಹೆಚ್ಚುತ್ತದೆ.

ಇದು ಬಾಯಿಮಾತಲ್ಲ, ಹಿಂದೆ ಸಂಶೋಧನೆ ಇದೆ. 2017ರಲ್ಲಿ ವಿಲನ್ಸ್ ಮತ್ತು ಸಂಗಡಿಗರು ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್ಲೆಂಡ್ಸ್‌ನ 6,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲೊಂದು ಸಣ್ಣ ಪ್ರಯೋಗವೂ ಇತ್ತು. ವ್ಯಾಂಕೂವರ್‌ನ 60 ಮಂದಿ ದುಡಿಯುವ ಜನರಿಗೆ ಎರಡು ವಾರಾಂತ್ಯ 40 ಡಾಲರ್‌ನಂತೆ ಕೊಟ್ಟರು. ಒಂದು ಸಲ ವಸ್ತು ಕೊಳ್ಳಿ, ಇನ್ನೊಂದು ಸಲ ಸಮಯ ಉಳಿಸುವಂಥದ್ದಕ್ಕೆ ಖರ್ಚು ಮಾಡಿ ಅಂದರು. ಸಮಯಕ್ಕೆ ಖರ್ಚು ಮಾಡಿದ ದಿನದ ಕೊನೆಗೆ ಜನ ಹೆಚ್ಚು ಖುಷಿಯಾಗಿದ್ದರು. ಮಜಾ ಅಂದ್ರೆ, ಹೀಗೆ 40 ಡಾಲರ್ ಸಿಕ್ಕರೆ ಏನು ಮಾಡ್ತೀರಿ ಎಂದು ಬೇರೆ 98 ಮಂದಿಯನ್ನು ಕೇಳಿದಾಗ, ಸಮಯ ಉಳಿಸಲು ಖರ್ಚು ಮಾಡ್ತೀನಿ ಅಂದವರು ನೂರಕ್ಕೆ ಇಬ್ಬರು.

ಓದಿದೆ, ಒಪ್ಪಿದೆ, ಜಾರಿಗೂ ತಂದೆ. ಅಡುಗೆಗೆ ಒಬ್ಬ ಅಮ್ಮನನ್ನು ಗೊತ್ತು ಮಾಡಿದೆವು. ಬಟ್ಟೆ ಇಸ್ತ್ರಿಗೆ ಹೊರಗೆ ಹೋಯಿತು. ತರಕಾರಿ ಆ್ಯಪ್‌ನಲ್ಲಿ ಬಂತು, ದೋಸೆ ಹಿಟ್ಟು ಪ್ಯಾಕೆಟ್‌ನಲ್ಲಿ. ವಾರಕ್ಕೆ ಎರಡು ದಿನ ಬಸ್ಸು ಬಿಟ್ಟು ಮೂವರು ಸೇರಿ ಕ್ಯಾಬ್ ಮಾಡಿದೆವು. ಇದಕ್ಕೆಲ್ಲ “ದುಂದು” ಎಂದು ಅಮ್ಮ ಫೋನಲ್ಲಿ ಬೈದರು. ನಾನು ವ್ಯಾಂಕೂವರ್ ಕಥೆ ಹೇಳಿದೆ. “ನಿನ್ನ ಹಿಟ್ಟು ರುಬ್ಬೋಕೆ ವ್ಯಾಂಕೂವರ್ ಬೇಕಾಯ್ತಾ?” ಅಂದರು.

ಪುಸ್ತಕ ಕೆಟ್ಟದ್ದು ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅದರ ಸಲಹೆ ನಮ್ಮಂಥವರಿಗೆ ಬಹುಮಟ್ಟಿಗೆ ಸರಿ. ಆದರೆ ಅದನ್ನು ಹಾರೋಹಳ್ಳಿಯಲ್ಲಿ ಓದಿದವನಿಗೆ ಒಂದು ಪ್ರಶ್ನೆ ಏಳುತ್ತದೆ, ಪುಸ್ತಕ ಅದನ್ನು ಸಾಕಷ್ಟು ಗಟ್ಟಿಯಾಗಿ ಕೇಳುವುದಿಲ್ಲ. ದುಡ್ಡು ಕೊಟ್ಟರೆ ಹೊತ್ತು ಉಳಿಯುತ್ತದೆ, ನಿಜ. ಉಳಿದದ್ದು ಯಾರ ಪಾಲಿಗೆ ಹೋಗುತ್ತದೆ?

ಹಾರೋಹಳ್ಳಿಯಲ್ಲೇ ಯಾಕೆ ಅಂದರೆ, ಸಮಯ ಉಳಿಸುವ ಸಾಮಾನು ತಯಾರಾಗುವ ಊರುಗಳಲ್ಲಿ ಇದೂ ಒಂದು. ನಿಮ್ಮ ಅಡುಗೆಮನೆಯಲ್ಲಿ ‘ಪಿಜನ್’ ಹೆಸರಿನ ಕುಕ್ಕರ್ರೋ ಸ್ಟೌವೋ ಇದ್ದರೆ, ಆ ಬ್ರ್ಯಾಂಡಿನ ಸ್ಟೋವ್ ಕ್ರಾಫ್ಟ್ ಕಂಪನಿಯ ಕಾರ್ಖಾನೆ ಇರುವುದು ಇಲ್ಲೇ, ಮೇಡಮಾರನಹಳ್ಳಿಯಲ್ಲಿ. ನಮ್ಮದು ಬೇರೆ ಕಂಪನಿ, ಬೇರೆ ಸಾಮಾನು. ಆದರೆ ಅಲ್ಲಿಂದ ಲೋಡಾಗಿ ಹೊರಡುವ ಲಾರಿ ನೋಡಿದಾಗೆಲ್ಲ ನನಗೆ ಅನ್ನಿಸುವುದುಂಟು: ಒಂದೊಂದು ಡಬ್ಬದೊಳಗೂ ಯಾರದೋ ಮನೆಯ ದಿನದ ಅರ್ಧ ಗಂಟೆ ಪ್ಯಾಕ್ ಆಗಿ ಹೋಗ್ತಾ ಇದೆ.

ಆ ಅರ್ಧ ಗಂಟೆ ನಿಜಕ್ಕೂ ತಲುಪಿತೇ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಪುಸ್ತಕ ಬರೆದರು. ಒಲೆ, ವಾಷಿಂಗ್ ಮಷಿನ್, ನಲ್ಲಿ ನೀರು ಬಂದಾಗ ಮನೆಗೆಲಸದಲ್ಲಿ ಗಂಡಸರ, ಮಕ್ಕಳ ಪಾಲು ಕಡಿಮೆಯಾಯಿತು, ಸೌದೆ ಒಡೆಯುವವರು ಬೇಡವಾದರು. ತಾಯಿಯ ಪಾಲು ಮಾತ್ರ ಉಳಿಯಿತು. ಯಂತ್ರ ಬಂದಂತೆ ಶುಚಿ, ರುಚಿಯ ನಿರೀಕ್ಷೆಯೂ ಏರಿತು. ಕೆಲಸ ಹಗುರಾಯಿತು, ಗಂಟೆ ಇಳಿಯಲಿಲ್ಲ.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮಜ್ಜಿ ಒರಳಲ್ಲಿ ರುಬ್ಬುತ್ತಿದ್ದ ಕಾಲದಲ್ಲಿ ದೋಸೆ ಅಂದರೆ ಹಬ್ಬ, ಇಲ್ಲವೇ ನೆಂಟರು. ಉಳಿದ ದಿನ ಮುದ್ದೆ, ಸೊಪ್ಪಿನ ಸಾರು. ಗ್ರೈಂಡರ್ ಬಂದ ಮೇಲೆ ಅಮ್ಮನ ಕೈಗೆ ಬಿಡುವು ಸಿಗಬೇಕಿತ್ತು. ಸಿಕ್ಕಿದ್ದು ನಮಗೆ, ವಾರಕ್ಕೆ ಮೂರು ದಿನ ದೋಸೆ. ಮಿಕ್ಸಿ ಬಂದ ಮೇಲೆ ಜೊತೆಗೆ ಎರಡು ಥರ ಚಟ್ನಿ. ಯಂತ್ರ ಉಳಿಸಿದ ಹೊತ್ತನ್ನು ನಾವೇ, ಮನೆಯವರೇ, ತಿಂದುಬಿಟ್ಟೆವು. ಅಮ್ಮನಿಗೆ “ದುಂದು” ಅನ್ನಿಸುವುದು ಸುಮ್ಮನೆ ಅಲ್ಲ. ಸಮಯ ಕೊಂಡರೆ ಅದು ತನಗೆ ಸಿಗುತ್ತದೆ ಎಂಬ ಅನುಭವವೇ ಅವರಿಗಿಲ್ಲ.

ಇದು ನಮ್ಮೊಂದು ಮನೆಯ ಕಥೆಯೂ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಐದು ವರ್ಷಗಳಲ್ಲಿ ಹತ್ತು ನಿಮಿಷಕ್ಕೆ ಮನೆಗೆ ಸಾಮಾನು ತಲುಪಿಸುವ ಆ್ಯಪ್‌ಗಳು ಬಂದವು, ಏರ್ ಫ್ರೈಯರ್ ಬಂತು. ಹೆಂಗಸರಿಗೆ ಉಳಿದದ್ದು ಹತ್ತು ನಿಮಿಷ. ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡರು!

ಪುಸ್ತಕದಲ್ಲಿ ಒಂದು ಪುಟ್ಟ ಪರೀಕ್ಷೆ ಇದೆ. ಟೇಲರ್ ಎಂಬ ವ್ಯಕ್ತಿ ಸಮಯಕ್ಕೆ ಬೆಲೆ ಕೊಡುತ್ತಾನೆ, ದುಡ್ಡು ಬಿಟ್ಟುಕೊಡುತ್ತಾನೆ. ಮಾರ್ಗನ್ ದುಡ್ಡಿಗೆ ಬೆಲೆ ಕೊಡುತ್ತಾನೆ, ಸಮಯ ಬಿಟ್ಟುಕೊಡುತ್ತಾನೆ. ನೀವು ಯಾರ ಥರ? ನಾನು ಮಾರ್ಗನ್ ಆಗಿದ್ದವನು, ಟೇಲರ್ ಆಗಲು ಹೊರಟೆ. ಬಸ್ಸಲ್ಲಿ ಕೂತು ಈ ಪರೀಕ್ಷೆಯನ್ನು ಬೇರೆಯವರಿಗೂ ಹಾಕುವ ಹುಮ್ಮಸ್ಸು ಬಂತು.

ನಮ್ಮ ಲೈನ್‌ನಲ್ಲಿ ಒಬ್ಬ ಅಕ್ಕ ಇದ್ದಾರೆ, ಮರಳವಾಡಿ ಕಡೆಯವರು. ಶಿಫ್ಟ್ ಮುಗಿದ ಮೇಲೆ ಗೇಟಿನ ಹತ್ತಿರ ಶೇರ್ ಆಟೋ ಸಿಗುತ್ತದೆ. ಹತ್ತಿದರೆ ಅರ್ಧ ಗಂಟೆ ಮುಂಚೆ ಮನೆ. ಅವರು ಹತ್ತುವುದಿಲ್ಲ. ಬಸ್‌ಸ್ಟಾಪಿನ ಕಟ್ಟೆ ಮೇಲೆ ಕೂತು ತಮ್ಮೂರಿನ ಬಸ್ಸಿಗೆ ಕಾಯುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಸರಿ, ಪಕ್ಕಾ ಮಾರ್ಗನ್ ಅಂದುಕೊಂಡೆ. ಒಂದು ಸಂಜೆ ಕೇಳಿಯೇಬಿಟ್ಟೆ.

“ಅಕ್ಕ, ಆಟೋಲಿ ಹೋದ್ರೆ ಬೇಗ ಮನೆ ಸೇರ್ತೀರಲ್ಲ? ಯಾಕೆ ಹೋಗಲ್ಲ?”

“ಬೇಗ ಹೋದ್ರೆ ಏನ್ ಸಿಕ್ತದೆ ಸಾ? ಇನ್ನೊಂದ್ ಕೆಲ್ಸ ಸಿಕ್ತದೆ. ಬಾಗ್ಲಿಗೆ ಕಾಲಿಟ್ಟೇಟ್ಗೆ ಅತ್ತೆಗೆ ಕಾಫಿ, ಹಸುಗೆ ಹುಲ್ಲು, ಮಕ್ಳಿಗೆ ಓದ್ಸು. ಇಲ್ಲಿ ಕೂತ್ಕಂಡ್ರೆ ಯಾರೂ ಏನೂ ಕೇಳಲ್ಲ. ಇದೊಂದೇ ನಂದು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಅದು ವ್ಯರ್ಥವಾದ ಅರ್ಧ ಗಂಟೆ, ಕೊಂಡು ಉಳಿಸಬೇಕಾದ್ದು. ಅಕ್ಕನ ದಿನದಲ್ಲಿ ಅದೊಂದೇ ಅವರ ಸ್ವಂತದ್ದು. ಅವರು ಟೇಲರ್ರೂ ಅಲ್ಲ, ಮಾರ್ಗನ್ನೂ ಅಲ್ಲ. ಸಮಯದ ಬೆಲೆ ಗೊತ್ತಿಲ್ಲದೆ ಆಟೋ ಬಿಟ್ಟವರಲ್ಲ, ಚೆನ್ನಾಗಿ ಗೊತ್ತಿದ್ದೇ ಬಿಟ್ಟವರು. ಸಮಯವನ್ನು ಸ್ವಭಾವದ ಪ್ರಶ್ನೆ ಮಾಡಿದ್ದು ಈ ಪುಸ್ತಕದ ದೊಡ್ಡ ದೌರ್ಬಲ್ಯ. ನೀವು ಎಂಥವರು ಎಂದು ಅದು ಕೇಳುತ್ತದೆ. ಮನೆಗೆ ಹೋದ ಮೇಲೆ ನಿಮ್ಮನ್ನು ಯಾರು ಕೆಲಸಕ್ಕೆ ಕರೆಯಬಹುದು ಎಂಬುದನ್ನು ಕೇಳಬೇಕಿತ್ತು.

ಲೇಖಕಿಗೆ ಇದು ಗೊತ್ತೇ ಇಲ್ಲ ಎಂದರೆ ಅನ್ಯಾಯವಾದೀತು. ಕಂಪನಿ, ಸರ್ಕಾರ ಏನು ಬದಲಿಸಬೇಕು ಎಂಬ ಮಾತೂ ಪುಸ್ತಕದ ಕೊನೆಗೆ ಬರುತ್ತದೆ. ಆಮೇಲೆ ಅವರು ಕೀನ್ಯಾದ ಒಂದು ಕೊಳೆಗೇರಿಯಲ್ಲಿ ದುಡಿಯುವ ತಾಯಂದಿರ ಜೊತೆ ಆರು ವಾರಗಳ ಪ್ರಯೋಗವನ್ನೂ ಮಾಡಿದರು. ಕೆಲವರಿಗೆ ಮನೆಗೆಲಸದ ಹೊರೆ ಇಳಿಸುವ ಸೇವೆಗಳ ವೋಚರ್, ಕೆಲವರಿಗೆ ಅಷ್ಟೇ ಬೆಲೆಯ ನಗದು, ಇನ್ನು ಕೆಲವರಿಗೆ ಎರಡೂ ಇಲ್ಲ. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರೂ ಗುಂಪಿನ ನೆಮ್ಮದಿ ಹೆಚ್ಚುಕಡಿಮೆ ಒಂದೇ ಥರ ಏರಿತ್ತು. ಸಮಯದ ವೋಚರ್ ಬೇರೆರಡಕ್ಕಿಂತ ಮೇಲು ಎಂದು ತೋರಲಿಲ್ಲ. ಅದನ್ನು ಮುಚ್ಚಿಡದೆ ಬರೆದದ್ದಕ್ಕೆ ಅವರನ್ನು ಮೆಚ್ಚುತ್ತೇನೆ. ವ್ಯಾಂಕೂವರ್ ಕಥೆಯನ್ನು ಫಾರ್ವರ್ಡ್ ಮಾಡುವವರು ಕೀನ್ಯಾದ್ದನ್ನೂ ಸೇರಿಸಿ ಕಳಿಸಬೇಕು.

ಇನ್ನು ಅಕ್ಕ ನಿಜವಾಗಿ ಕೇಳುವುದು ಸಮಯವನ್ನಲ್ಲ, ಓಟಿಯನ್ನು. ಕಾನೂನಿನ ಪ್ರಕಾರ ಓಟಿಗೆ ಎರಡು ಪಟ್ಟು ಕೂಲಿ. 2023ರಲ್ಲಿ ನಮ್ಮ ವಿಧಾನಸಭೆ ಆಗಿನ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆ ಮೀರದಂತೆ ದಿನದ ಕೆಲಸವನ್ನು 9 ಗಂಟೆಯಿಂದ 12ರವರೆಗೂ ಏರಿಸಲು ಅವಕಾಶ ಕೊಟ್ಟಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 145ಕ್ಕೆ ಏರಿತು. ನಾನು ಬಸ್ಸಲ್ಲಿ ಕೂತು ಸಮಯ ಕೊಳ್ಳುವುದು ಹೇಗೆಂದು ಓದುತ್ತಿದ್ದರೆ, ಅದೇ ಕನಕಪುರ ರಸ್ತೆಯಲ್ಲಿ ಜನ ಹೊತ್ತನ್ನು ಮಾರಲು ಹೊರಟಿರುತ್ತಾರೆ. ಅಕ್ಕ ಹೋದ ವರ್ಷ ಭಾನುವಾರಗಳೆಲ್ಲ ಓಟಿ ಮಾಡಿ ಮಿಕ್ಸಿ ತಗೊಂಡರು. ಹೊತ್ತು ಮಾರಿ ಹೊತ್ತು ಉಳಿಸುವ ಯಂತ್ರ ತಂದರು. ಈ ಲೆಕ್ಕ ಯಾವ ಅಧ್ಯಾಯಕ್ಕೆ ಸೇರುತ್ತದೆ?

ಅಕ್ಕನ ಮಾತು ಕೇಳಿದ ಮೇಲೆ ನನ್ನ ಲೆಕ್ಕವನ್ನೂ ತೆಗೆದು ನೋಡಿದೆ. ಕ್ಯಾಬಿನಲ್ಲಿ ಉಳಿದ ಅರ್ಧ ಗಂಟೆ ಮೊದಲ ತಿಂಗಳು ಬ್ಯಾಡ್ಮಿಂಟನ್‌ಗೆ ಹೋಯಿತು. ಮೂರನೇ ತಿಂಗಳಿಗೆ, “ಅಷ್ಟೊತ್ತಿಗೆ ಮನೇಲಿರ್ತೀಯಲ್ಲ” ಅಂತ ಅದೇ ಹೊತ್ತಿಗೆ ಒಂದು ರಿವ್ಯೂ ಕಾಲ್ ಖಾಯಂ ಆಯಿತು. ಕ್ಯಾಬಿನ ದುಡ್ಡು ನನ್ನದು, ಅರ್ಧ ಗಂಟೆ ಕಂಪನಿಯದ್ದು. ಬಸ್ಸಲ್ಲಿ ಸಿಗ್ನಲ್ ಸರಿಯಿಲ್ಲ ಎಂಬ ನೆಪವಾದರೂ ಇತ್ತು.

ಅಡುಗೆಯ ಕಥೆ ಇದಕ್ಕಿಂತ ಕಷ್ಟದ್ದು. ನಾನು ಹೆಮ್ಮೆಯಿಂದ ಹೆಂಡತಿಯನ್ನು ಕೇಳಿದೆ, “ಈಗ ಎಷ್ಟು ಟೈಮ್ ಉಳೀತು ನೋಡು, ಅಲ್ವಾ?” ಅವಳು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ ಹೇಳಿದಳು, “ಉಳೀತು, ನಿಂಗೆ. ನಂಗೆ ಟೀಮ್‌ಗೆ ಒಬ್ರು ಜಾಸ್ತಿ ಆದ್ರು ಅಷ್ಟೆ.” ಹೌದಲ್ಲ! ನಾಳೆ ಏನು ಅಡುಗೆ, ಹುಣಸೆಹಣ್ಣು ಇದೆಯಾ, ಅಮ್ಮ ರಜೆ ಹಾಕಿದರೆ ಏನು, ಅವರ ಮಗಳ ಫೀಸಿಗೆ ಅಡ್ವಾನ್ಸ್ ಕೊಡಬೇಕಾ, ಎಲ್ಲ ಫೋನೂ ಅವಳಿಗೇ. ದುಡ್ಡು ಇಬ್ಬರದು, ಬಿಡುವು ನನ್ನದು, ಮ್ಯಾನೇಜರ್ ಕೆಲಸ ಅವಳದು. ಸಮೀಕ್ಷೆಯ ಆ ಒಂಬತ್ತು ನಿಮಿಷ ಉಳಿಸಿಕೊಂಡ ಗಂಡಸು ಯಾರು ಅಂತ ಹುಡುಕಬೇಕಿರಲಿಲ್ಲ.

ಮತ್ತೆ ಅಡುಗೆಯ ಅಮ್ಮ. ಅವರ ಹೊತ್ತನ್ನೇ ನಾವು ಕೊಂಡದ್ದು. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲೇ. ಆದರೂ ಸಂಬಳ ಗೊತ್ತು ಮಾಡುವಾಗ ನಾನು ಕೇಳಿದ ಪ್ರಶ್ನೆ ಒಂದೇ: “ಪಕ್ಕದ ಫ್ಲ್ಯಾಟ್‌ನಲ್ಲಿ ಎಷ್ಟು ಕೊಡ್ತಾರೆ?” ವಾರದ ರಜೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನನ್ನ ಒಂದು ಗಂಟೆಗೆ ಬೆಲೆ ಕಟ್ಟಿಕೊಳ್ಳುವುದನ್ನು ಪುಸ್ತಕ ಚೆನ್ನಾಗಿ ಕಲಿಸುತ್ತದೆ. ಆ ಗಂಟೆಯನ್ನು ನನಗೆ ಮಾರಿದವರ ಗಂಟೆಯ ಬೆಲೆ ನಾನೇ ಕೇಳಿಕೊಳ್ಳಬೇಕಾಯಿತು.

ಹಾಗಂತ ಒರಳುಕಲ್ಲು ಹುಡುಕಿಕೊಂಡು ಹೋಗಬೇಡಿ. ಸಮಯ ಕೊಳ್ಳುವುದು ತಪ್ಪಲ್ಲ. ಅದಕ್ಕೆ ದುಡ್ಡು ಕೊಡುವಾಗ ಪಾಪಪ್ರಜ್ಞೆ ಬೇಡ ಎಂಬ ವಿಲನ್ಸ್ ಮಾತನ್ನು ಈಗಲೂ ಒಪ್ಪುತ್ತೇನೆ. ಪುಸ್ತಕ ಓದಿ, ಅದರಲ್ಲೂ ಬಿಡುವಿನ ಹೊತ್ತನ್ನು ಫೋನ್ ಹೇಗೆ ಚೂರುಚೂರು ಮಾಡುತ್ತದೆ ಎಂದು ಹೇಳುವ ಭಾಗ ಓದಿ. ನನ್ನ ತಕರಾರು ಒಂದೇ. ದುಡ್ಡು ಕೊಟ್ಟ ಕೂಡಲೇ ಸಮಯ ನಮ್ಮದಾಗುತ್ತದೆ ಎಂದು ಅದು ನಂಬಿಸುತ್ತದೆ. ಆಗುವುದಿಲ್ಲ. ಆ ಹೊತ್ತಿನಲ್ಲಿ ಬೇರೆ ಯಾರೂ ನಮ್ಮನ್ನು ಕೆಲಸಕ್ಕೆ ಕರೆಯದಂತೆ ಆದಾಗ ಮಾತ್ರ ಅದು ನಮ್ಮದು. ಆ ಬೇಲಿಯನ್ನು ಅಂಗಡಿಯಲ್ಲಿ ಮಾರುವುದಿಲ್ಲ. ಮನೆಯಲ್ಲಿ ಜಗಳವಾಡಿ, ಆಫೀಸಲ್ಲಿ ಇಲ್ಲ ಅಂದು, ಕಾನೂನಿನಲ್ಲಿ ಬರೆಸಿಕೊಂಡು ಹಾಕಿಕೊಳ್ಳಬೇಕು.

ಈಗ ಅಡುಗೆ ಅಮ್ಮನ ಫೋನು ನನಗೆ ಬರುತ್ತದೆ. ಭಾನುವಾರ ಅವರಿಗೆ ಸಂಬಳದ ರಜೆ, ಅವತ್ತು ಅಡುಗೆ ನನ್ನದು. ಚಿತ್ರಾನ್ನದಾಚೆಗೆ ಇನ್ನೂ ದಾಟಿಲ್ಲ. ರಿವ್ಯೂ ಕಾಲ್ ಬೆಳಿಗ್ಗೆಗೆ ಹಾಕಿಸಿಕೊಳ್ಳಲು ಎರಡು ಸಲ ಮುಖ ಕೆಡಿಸಿಕೊಳ್ಳಬೇಕಾಯಿತು. ಹೆಂಡತಿ ಸಂಜೆ ಏಳಕ್ಕೆ ಟೆರೇಸಿಗೆ ಹೋಗುತ್ತಾಳೆ, ಫೋನ್ ಕೆಳಗೇ ಬಿಟ್ಟು. ಮೊದಲ ದಿನ “ಅಲ್ಲಿ ಏನ್ ಮಾಡ್ತೀಯಾ?” ಅಂತ ಕೇಳಹೊರಟವನು ಸುಮ್ಮನಾದೆ.

ಅಕ್ಕ ಮಾತ್ರ ಇನ್ನೂ ಆ ಕಟ್ಟೆಯ ಮೇಲೇ ಕೂರುತ್ತಾರೆ. ನಮ್ಮ ಬಸ್ಸು ಎದುರಿಗೆ ಹಾದುಹೋಗುವಾಗ ಕೆಲವೊಮ್ಮೆ ಕೈ ಎತ್ತುತ್ತಾರೆ, ಕೆಲವೊಮ್ಮೆ ನೋಡುವುದೂ ಇಲ್ಲ.