ಮಿಡ್ನಾಪುರದ ತೋಳಮಕ್ಕಳು: ಒಂದು ಆಧಾರಪರಿಶೀಲನೆ

೧

ಶಿಶುವಿನ ನಡೆನುಡಿಗಳಲ್ಲಿ ಹುಟ್ಟಿನೊಡನೆ ಬಂದುದೆಷ್ಟು, ಹುಟ್ಟಿದ ಮೇಲೆ ಪರಿಸರದಿಂದ ಪಡೆದುದೆಷ್ಟು ಎಂಬುದು ಬಹುಕಾಲದಿಂದ ಚರ್ಚೆಗೊಳಗಾಗಿರುವ ಪ್ರಶ್ನೆ. ಪ್ರಾಣಿಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳು ಇದನ್ನು ತಮ್ಮ ತಮ್ಮ ರೀತಿಯಲ್ಲಿ ವಿಚಾರಿಸಿವೆ. ಇಂತಹ ಕ್ಷೇತ್ರದಲ್ಲಿ ಇತಿಹಾಸದ ಅಧ್ಯಾಪಕರಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಈ ಪ್ರಶ್ನೆಯನ್ನು ವಿವರಿಸುವಾಗ ನಮ್ಮ ದೇಶದ ತರಗತಿಗಳಲ್ಲಿ ಮತ್ತೆ ಮತ್ತೆ ಉದಾಹರಿಸಲಾಗುವ ಅಮಲಾ ಮತ್ತು ಕಮಲಾ ಎಂಬ ‘ತೋಳಮಕ್ಕಳ’ ವೃತ್ತಾಂತವು ಪ್ರಯೋಗಶಾಲೆಯಿಂದ ಬಂದುದಲ್ಲ, ಒಬ್ಬನೇ ವ್ಯಕ್ತಿಯ ಲಿಖಿತ ದಾಖಲೆಯಿಂದ ಬಂದುದು. ದಾಖಲೆಯನ್ನು ಪರೀಕ್ಷಿಸುವುದು ಇತಿಹಾಸಕಾರನ ಕರ್ತವ್ಯ.

ತಾಮ್ರಶಾಸನವೊಂದು ಕೈಗೆ ಬಂದಾಗ ಅದರ ಲಿಪಿ, ಭಾಷೆ, ಕಾಲನಿರ್ದೇಶಗಳನ್ನು ಪರಿಶೀಲಿಸದೆ ಅದರ ಮೇಲೆ ರಾಜವಂಶಾವಳಿಯನ್ನು ಕಟ್ಟುವಂತಿಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಅವರು ವಾದಿಸಿದುದರಿಂದ ಎಷ್ಟು ದೀರ್ಘವಾದ ಚರ್ಚೆ ನಡೆಯಿತೆಂಬುದು ಕರ್ಣಾಟಕದ ಇತಿಹಾಸವನ್ನು ಓದಿದವರಿಗೆ ತಿಳಿದೇ ಇದೆ. ಅದೇ ಕ್ರಮವನ್ನು ಮಿಡ್ನಾಪುರದ ದಿನಚರಿಗೂ ಅನ್ವಯಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

ವೃತ್ತಾಂತದ ಸಾರಾಂಶ ಹೀಗಿದೆ. ಬಂಗಾಳದ ಮಿಡ್ನಾಪುರದಲ್ಲಿ ಅನಾಥಾಲಯವನ್ನು ನಡೆಸುತ್ತಿದ್ದ ರೆವರೆಂಡ್ ಜೋಸೆಫ್ ಅಮೃತಲಾಲ್ ಸಿಂಗ್ ಎಂಬ ಪಾದ್ರಿಗಳು ೧೯೨೦ರ ಅಕ್ಟೋಬರ್ ತಿಂಗಳಲ್ಲಿ ಗೋದಾಮುರಿ ಎಂಬ ಗ್ರಾಮದ ಸಮೀಪದ ಕಾಡಿನಲ್ಲಿ, ತೋಳಗಳು ವಾಸಿಸುತ್ತಿದ್ದ ಒಂದು ದೊಡ್ಡ ಹುತ್ತವನ್ನು ಅಗೆಸಿ, ಇಬ್ಬರು ಬಾಲಕಿಯರನ್ನು ಹೊರತೆಗೆದರೆಂದು ಹೇಳಿದರು. ಹಿರಿಯಳಿಗೆ ಸುಮಾರು ಎಂಟು ವರ್ಷ, ಕಿರಿಯಳಿಗೆ ಸುಮಾರು ಒಂದೂವರೆ ವರ್ಷವೆಂಬುದು ಅವರ ಊಹೆ. ಮಕ್ಕಳು ನಾಲ್ಕು ಕಾಲುಗಳಲ್ಲಿ ನಡೆಯುತ್ತಿದ್ದುವು, ಹಸಿಮಾಂಸವನ್ನು ತಿನ್ನುತ್ತಿದ್ದುವು, ರಾತ್ರಿಯಲ್ಲಿ ಊಳಿಡುತ್ತಿದ್ದುವು ಎಂದು ಅವರ ದಿನಚರಿ ತಿಳಿಸುತ್ತದೆ. ಅಮಲಾ ೧೯೨೧ರಲ್ಲಿ ತೀರಿಕೊಂಡಳು. ಕಮಲಾ ೧೯೨೯ರವರೆಗೆ ಬದುಕಿದ್ದು, ನಿಲ್ಲುವುದನ್ನೂ ನಡೆಯುವುದನ್ನೂ ಕೆಲವು ಹತ್ತು ಶಬ್ದಗಳನ್ನೂ ಕಲಿತಳೆಂದು ಹೇಳಲಾಗಿದೆ.

ಈ ದಿನಚರಿಯ ಆಧಾರದ ಮೇಲೆ ಅಮೆರಿಕದಲ್ಲಿ ಎರಡು ಗ್ರಂಥಗಳು ಹೊರಬಂದುವು. ಯೇಲ್ ವಿಶ್ವವಿದ್ಯಾನಿಲಯದ ಆರ್ನಾಲ್ಡ್ ಗೆಸೆಲ್ ಅವರ ‘ವುಲ್ಫ್ ಚೈಲ್ಡ್ ಅಂಡ್ ಹ್ಯೂಮನ್ ಚೈಲ್ಡ್’ ೧೯೪೧ರಲ್ಲಿಯೂ, ಸಿಂಗ್ ಮತ್ತು ಮಾನವಶಾಸ್ತ್ರಜ್ಞ ರಾಬರ್ಟ್ ಜಿಂಗ್ ಇಬ್ಬರ ಹೆಸರಿನ ‘ವುಲ್ಫ್ ಚಿಲ್ಡ್ರನ್ ಅಂಡ್ ಫೆರಲ್ ಮ್ಯಾನ್’ ೧೯೪೨ರಲ್ಲಿಯೂ ಪ್ರಕಟವಾದುವು. ಅಷ್ಟರಲ್ಲಿ ಅಮಲಾ ಮರಣಹೊಂದಿ ಇಪ್ಪತ್ತು ವರ್ಷಗಳೂ, ಕಮಲಾ ಮರಣಹೊಂದಿ ಹನ್ನೆರಡು ವರ್ಷಗಳೂ ಕಳೆದಿದ್ದುವು. ಸ್ವತಃ ಸಿಂಗ್ ಅವರೂ ೧೯೪೧ರಲ್ಲಿ ಕಾಲವಾಗಿದ್ದರು. ಹೀಗಾಗಿ ಶಾಸ್ತ್ರಲೋಕವು ಈ ದಾಖಲೆಯನ್ನು ವಿಸ್ತಾರವಾಗಿ ಚರ್ಚಿಸತೊಡಗಿದ ಕಾಲಕ್ಕೆ ಅದನ್ನು ಪ್ರಶ್ನಿಸಿ ನೋಡಬಹುದಾದ ಮುಖ್ಯ ವ್ಯಕ್ತಿಗಳು ಯಾರೂ ಉಳಿದಿರಲಿಲ್ಲ.

೩

ಮೊದಲು ಬಾಹ್ಯವಿಮರ್ಶೆಯನ್ನು ಮಾಡೋಣ. ಮಕ್ಕಳು ತೋಳಗಳ ಬಿಲದಿಂದ ಹೊರಬಂದುದಕ್ಕೆ ಸಮಕಾಲೀನವೂ ಸ್ವತಂತ್ರವೂ ಆದ ಸಾಕ್ಷ್ಯ ದೊರೆತಿಲ್ಲ. ಜಿಂಗ್ ಅವರು ಒದಗಿಸಿದ ಸಮರ್ಥನೆಗಳು ಬಹುಮಟ್ಟಿಗೆ ಸಿಂಗ್ ಅವರ ಸತ್ಯಸಂಧತೆಯನ್ನು ಕುರಿತವು. ಒಬ್ಬನು ಸಜ್ಜನನೆಂಬುದಕ್ಕೂ ಆತ ಹೇಳಿದ ಘಟನೆ ನಡೆಯಿತೆಂಬುದಕ್ಕೂ ಇರುವ ಅಂತರವನ್ನು ಇತಿಹಾಸದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮಕ್ಕಳನ್ನು ಕಾಡಿನ ಜನರು ತಂದು ತಮಗೆ ಒಪ್ಪಿಸಿದರೆಂದು ಸಿಂಗ್ ಅವರೇ ಮೊದಲು ಹೇಳಿದ್ದರು. ತಾವೇ ಎದುರಿಗಿದ್ದು ಹುತ್ತವನ್ನು ಅಗೆಸಿದೆವೆಂಬುದು ಅನಂತರದ ಹೇಳಿಕೆ. ಒಂದೇ ಘಟನೆಗೆ ಒಬ್ಬನೇ ಸಾಕ್ಷಿ ಎರಡು ಬಗೆಯಾಗಿ ನುಡಿದಾಗ ಎರಡನ್ನೂ ಸಂದೇಹದಿಂದ ನೋಡುವುದು ನ್ಯಾಯ.

ಸಮಾಜಶಾಸ್ತ್ರಜ್ಞ ವಿಲಿಯಂ ಆಗ್‌ಬರ್ನ್ ಮತ್ತು ಮಾನವಶಾಸ್ತ್ರಜ್ಞ ನಿರ್ಮಲಕುಮಾರ ಬೋಸ್ ಅವರು ಸ್ಥಳೀಯ ವಿಚಾರಣೆ ನಡೆಸಿ ೧೯೫೯ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅನಾಥಾಲಯದಲ್ಲಿ ಇಂತಹ ಬಾಲಕಿಯರು ಇದ್ದರೆಂಬುದು ಅವರಿಗೆ ಖಚಿತವಾಯಿತು. ತೋಳದ ಬಿಲದ ಕಥೆಗೆ ಆಧಾರ ದೊರೆಯಲಿಲ್ಲ. ಗೋದಾಮುರಿ ಎಂಬ ಗ್ರಾಮವೂ ಸಿಕ್ಕಲಿಲ್ಲ. ಚಾರ್ಲ್ಸ್ ಮ್ಯಾಕ್ಲೀನ್ ಅವರ ೧೯೭೭ರ ಗ್ರಂಥವು ಸಿಂಗ್ ಅವರ ಕಥೆಯನ್ನು ನಂಬುವ ಕಡೆಗೆ ವಾಲುತ್ತದೆ. ಆದರೆ ಅರ್ಧಶತಮಾನದ ತರುವಾಯ, ಕಥೆಯು ಲೋಕಪ್ರಸಿದ್ಧವಾದ ಮೇಲೆ ಸಂಗ್ರಹಿಸಿದ ನೆನಪುಗಳಿಗೆ ಸಮಕಾಲೀನ ಸಾಕ್ಷ್ಯದ ಬೆಲೆಯನ್ನು ಕೊಡಲಾಗುವುದಿಲ್ಲ. ೨೦೦೭ರಲ್ಲಿ ಸೆರ್ಜ್ ಆರೋಲ್ ಎಂಬ ಫ್ರೆಂಚ್ ಲೇಖಕರು ಇನ್ನೂ ಮುಂದೆ ಹೋಗಿ, ದಿನಚರಿಯು ದಿನದಿನವೂ ಬರೆದುದಲ್ಲ, ೧೯೩೫ರ ಅನಂತರ ರಚಿತವಾದುದು ಎಂದೂ, ಛಾಯಾಚಿತ್ರಗಳು ಬೇರೆ ಬಾಲಕಿಯರನ್ನು ನಿಲ್ಲಿಸಿ ತೆಗೆದವು ಎಂದೂ ವಾದಿಸಿದ್ದಾರೆ. ಈ ವಾದವನ್ನು ಪೂರ್ಣವಾಗಿ ಒಪ್ಪದಿದ್ದರೂ ನಮ್ಮ ತೀರ್ಮಾನಕ್ಕೆ ಬಾಧಕವಿಲ್ಲ. ದಿನಚರಿಯ ಒಳಗಿನ ಮಾತುಗಳೇ ಅದರ ವಿರುದ್ಧ ಸಾಕ್ಷಿ ಹೇಳುತ್ತವೆ.

ಆಂತರಿಕವಿಮರ್ಶೆಗೆ ಎರಡು ಅಂಶಗಳನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಕತ್ತಲಿನಲ್ಲಿ ಮಕ್ಕಳ ಕಣ್ಣುಗಳು ಪ್ರಾಣಿಗಳ ಕಣ್ಣಿನಂತೆ ಹೊಳೆಯುತ್ತಿದ್ದುವೆಂದು ದಿನಚರಿ ಹೇಳುತ್ತದೆ. ತೋಳ, ನಾಯಿ, ಬೆಕ್ಕುಗಳ ಕಣ್ಣಿನ ಹಿಂಬದಿಯಲ್ಲಿ ಹೊರಗಿನ ಬೆಳಕನ್ನು ಪ್ರತಿಫಲಿಸುವ ಒಂದು ಪದರವಿರುವುದರಿಂದ ಅವು ಹಾಗೆ ಹೊಳೆಯುತ್ತವೆ. ಮನುಷ್ಯನ ಕಣ್ಣಿನಲ್ಲಿ ಆ ಪದರವಿಲ್ಲ. ಸಹವಾಸದಿಂದ ನಡತೆ ಬದಲಾಗಬಹುದು. ದೇಹದಲ್ಲಿ ಇಲ್ಲದ ಅಂಗಾಂಶವು ಉಂಟಾಗಲಾರದು. ಎರಡನೆಯದು ಕಾಲದ ಲೆಕ್ಕ. ತೋಳದ ಮರಿಗಳು ಸುಮಾರು ಎಂಟರಿಂದ ಹತ್ತು ವಾರಗಳಲ್ಲಿ ಮೊಲೆ ಬಿಡುತ್ತವೆ. ಕೆಲವು ತಿಂಗಳುಗಳಲ್ಲಿಯೇ ಹಿಂಡಿನೊಡನೆ ಓಡಾಡತೊಡಗುತ್ತವೆ. ಆ ವಯಸ್ಸಿನಲ್ಲಿ ಮಾನವಶಿಶು ಅಂಬೆಗಾಲನ್ನೂ ಇಟ್ಟಿರುವುದಿಲ್ಲ. ಇಂತಹ ಶಿಶುವನ್ನು ತೋಳಗಳು ವರ್ಷಗಟ್ಟಲೆ ಪೋಷಿಸಿದುವೆಂಬುದೇ ದುಸ್ಸಾಧ್ಯ. ಇಲ್ಲಿಯಾದರೋ ಆರು ವರ್ಷಗಳಿಗೂ ಹೆಚ್ಚು ಅಂತರವುಳ್ಳ ಇಬ್ಬರು ಶಿಶುಗಳನ್ನು ಬೇರೆ ಬೇರೆ ಕಾಲಗಳಲ್ಲಿ ಒಂದೇ ಬಿಲಕ್ಕೆ ತಂದು ಸಾಕಿದುವೆಂದು ನಾವು ನಂಬಬೇಕಾಗುತ್ತದೆ.

೪

ಇಷ್ಟು ದುರ್ಬಲವಾದ ದಾಖಲೆಗೆ ಇಷ್ಟು ದೀರ್ಘಾಯುಷ್ಯ ಹೇಗೆ ಬಂದಿತು? ಅದು ಎರಡು ಪಕ್ಷಗಳಿಗೂ ಬೇಕಾದ ಮಾತನ್ನು ಹೇಳಿತೆಂಬುದೇ ಕಾರಣವೆಂದು ನಮಗೆ ತೋರುತ್ತದೆ. ಮನುಷ್ಯತ್ವವು ಸಮಾಜದಿಂದ ಬರುವಂತಹುದು, ಸಮಾಜವಿಲ್ಲದಿದ್ದರೆ ಮನುಷ್ಯನ ಮಗುವೂ ಪ್ರಾಣಿಯೇ ಎಂದು ಬೋಧಿಸುವವರು ನಾಲ್ಕು ಕಾಲಿನ ನಡಿಗೆಯನ್ನೂ ಊಳಿಡುವುದನ್ನೂ ಬೆರಳಿಟ್ಟು ತೋರಿಸಿದರು. ಬೆಳವಣಿಗೆಯು ದೇಹದೊಳಗಿನ ನಿಯತಕ್ರಮವೊಂದನ್ನು ಅನುಸರಿಸುತ್ತದೆಂದು ಪ್ರತಿಪಾದಿಸುತ್ತಿದ್ದ ಗೆಸೆಲ್ ಅವರು, ಅನಾಥಾಲಯದಲ್ಲಿ ಕಮಲಾ ಮೆಲ್ಲಮೆಲ್ಲನೆ ನಿಂತು ನಡೆದುದನ್ನು ತಮ್ಮ ಸಿದ್ಧಾಂತಕ್ಕೆ ಪುಷ್ಟಿಯೆಂದು ಭಾವಿಸಿದರು. ಕೇಳಿದವರಿಗೆಲ್ಲ ಅವರವರಿಗೆ ಪ್ರಿಯವಾದ ಉತ್ತರವನ್ನು ಕೊಡುವ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ನೆಚ್ಚುವುದಿಲ್ಲ.

ಈ ವಾದದಲ್ಲಿರುವ ತರ್ಕದೋಷವನ್ನು ವೇಯ್ನ್ ಡೆನ್ನಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೪೧ರಲ್ಲಿಯೇ ಎತ್ತಿ ತೋರಿಸಿದ್ದರು. ಕಾಡಿನಲ್ಲಿ ಸಿಕ್ಕಿದ ಮಗು ಅಲ್ಲಿಗೆ ಸೇರುವ ಮೊದಲು ಹೇಗಿತ್ತೆಂಬುದು ಯಾರಿಗೂ ತಿಳಿಯದು. ತ್ಯಜಿಸಲ್ಪಟ್ಟುದರಿಂದ ಮಗು ಹಾಗಾಯಿತೆ? ಹಾಗಿದ್ದುದರಿಂದಲೇ ತ್ಯಜಿಸಲ್ಪಟ್ಟಿತೆ? ಬ್ರೂನೋ ಬೆಟಲ್‌ಹೈಮ್ ಅವರು ೧೯೫೯ರಲ್ಲಿ, ಇಂತಹ ಮಕ್ಕಳ ಲಕ್ಷಣಗಳು ಸ್ವಲೀನತೆಯುಳ್ಳ ಮಕ್ಕಳ ಲಕ್ಷಣಗಳೇ ಎಂದು ವಾದಿಸಿದರು. ಆದರೆ ಅದೇ ಲೇಖಕರು ಸ್ವಲೀನತೆಗೆ ತಾಯಿತಂದೆಗಳ ಅನಾದರವೇ ಕಾರಣವೆಂದು ಬೋಧಿಸಿ ಅನೇಕ ತಾಯಂದಿರ ತಲೆಯ ಮೇಲೆ ನಿಷ್ಕಾರಣವಾಗಿ ಅಪವಾದವನ್ನು ಹೊರಿಸಿದರೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಆ ಮತವನ್ನು ಶಾಸ್ತ್ರವು ಈಗ ತ್ಯಜಿಸಿದೆ. ಆಧಾರವಿಲ್ಲದೆ ಪರಿಸರವನ್ನು ಕಾರಣವೆಂದು ಸಾರುವುದರಿಂದಲೂ ಅನ್ಯಾಯವಾಗುತ್ತದೆಂಬುದಕ್ಕೆ ಇದು ನಿದರ್ಶನ.

೫

ಹಾಗಾದರೆ ಮೂಲಪ್ರಶ್ನೆಗೆ ಪರೀಕ್ಷಿತವಾದ ಆಧಾರಗಳಿಲ್ಲವೆ? ಧಾರಾಳವಾಗಿವೆ. ಅವು ತೋಳದ ಕಥೆಯಷ್ಟು ಬೆರಗುಗೊಳಿಸುವುದಿಲ್ಲವಾದರೂ ಹೆಚ್ಚು ಬೋಧಪ್ರದವಾಗಿವೆ.

೧೮೭೩ರಲ್ಲಿ ಡಗ್ಲಾಸ್ ಸ್ಪಾಲ್ಡಿಂಗ್ ಅವರು ಮೊಟ್ಟೆಯೊಡೆದ ಕೂಡಲೇ ಕೋಳಿಮರಿಗಳ ಕಣ್ಣುಗಳಿಗೆ ಮುಸುಕು ಹಾಕಿ, ಕೆಲವು ದಿನಗಳ ಅನಂತರ ತೆಗೆದು ನೋಡಿದರು. ಹಿಂದೆಂದೂ ಏನನ್ನೂ ಕಾಣದ ಮರಿಗಳು ಬೇಗನೆ ಗುರಿತಪ್ಪದಂತೆ ಕಾಳುಗಳನ್ನು ಕುಕ್ಕಿದುವು, ಚಲಿಸುವವರನ್ನು ಹಿಂಬಾಲಿಸಿದುವು. ಆದರೆ ಸುಮಾರು ನಾಲ್ಕು ದಿನಗಳವರೆಗೆ ಮುಸುಕಿನಲ್ಲಿದ್ದ ಮರಿಗಳು ಹಿಂಬಾಲಿಸುವುದಕ್ಕೆ ಬದಲಾಗಿ ಭಯದಿಂದ ಓಡಿದುವು. ಪ್ರವೃತ್ತಿ ಹುಟ್ಟಿನಿಂದ ಬಂದುದೇ ಆದರೂ ಅದಕ್ಕೆ ತಕ್ಕ ಕಾಲದಲ್ಲಿ ತಕ್ಕ ಅವಕಾಶ ದೊರೆಯಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಗಿಲ್ಬರ್ಟ್ ಗಾಟ್ಲೀಬ್ ಅವರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾತುಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಿಚಾರವನ್ನು ಇನ್ನೂ ಹಿಂದಕ್ಕೆ, ಮೊಟ್ಟೆಯೊಳಕ್ಕೇ, ಒಯ್ದುವು. ತಾಯಿಯ ಕೂಗನ್ನು ಎಂದೂ ಕೇಳದ ಬಾತುಮರಿಯೂ ತನ್ನ ಜಾತಿಯ ತಾಯಿಯ ಕೂಗಿನತ್ತಲೇ ಹೋಗುತ್ತದೆ. ಇದು ಶುದ್ಧ ಹುಟ್ಟರಿವೆಂದು ತೋರುವುದು ಸಹಜ. ಆದರೆ ಮೊಟ್ಟೆಯೊಳಗೇ ಮರಿಯ ಧ್ವನಿಯನ್ನು ಅಡಗಿಸಿ, ತನ್ನ ದನಿಯಾಗಲಿ ಒಡಹುಟ್ಟಿದವುಗಳ ದನಿಯಾಗಲಿ ಕೇಳದಂತೆ ಮಾಡಿದಾಗ, ಅದು ಬಾತಿನ ಕೂಗಿಗೂ ಕೋಳಿಯ ಕೂಗಿಗೂ ಭೇದವನ್ನು ಸರಿಯಾಗಿ ಅರಿಯದಾಯಿತು. ನಾವು ‘ಜನ್ಮಜಾತ’ವೆಂದು ಕರೆಯುವುದರಲ್ಲಿಯೂ ಜನ್ಮಕ್ಕೆ ಮುಂಚಿನ ಪರಿಸರದ ಅಂಶ ಅಡಗಿರಬಹುದು.

ಮಾನವಶಿಶುವಿನ ವಿಷಯದಲ್ಲಿ ಮೇಲೆ ಹೇಳಿದ ಡೆನ್ನಿಸ್ ಅವರ ಎರಡು ಅಧ್ಯಯನಗಳನ್ನು ಜೊತೆಯಾಗಿ ಓದಬೇಕು. ಅಮೆರಿಕದ ಹೋಪಿ ಜನರಲ್ಲಿ ಮೊದಲ ತಿಂಗಳುಗಳನ್ನು ಹಲಗೆಯ ತೊಟ್ಟಿಲಿಗೆ ಬಿಗಿಸಿಕೊಂಡು ಕಳೆದ ಶಿಶುಗಳೂ, ಹಾಗೆ ಬಿಗಿಸದೆ ಬೆಳೆಸಿದ ಶಿಶುಗಳೂ ಸುಮಾರು ಒಂದೇ ವಯಸ್ಸಿನಲ್ಲಿ ನಡೆದುವೆಂದು ೧೯೪೦ರಲ್ಲಿ ಅವರು ವರದಿ ಮಾಡಿದರು. ಇದು ದೇಹಧರ್ಮದ ಬಲವನ್ನು ತೋರಿಸುತ್ತದೆ. ೧೯೬೦ರಲ್ಲಿ ಪ್ರಕಟವಾದ ತೆಹರಾನಿನ ಅನಾಥಾಲಯಗಳ ಅಧ್ಯಯನವಾದರೋ ಬೇರೆಯೇ ಚಿತ್ರವನ್ನು ಕೊಟ್ಟಿತು. ಎರಡು ಸಂಸ್ಥೆಗಳಲ್ಲಿ ಎರಡನೆಯ ವರ್ಷದಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ ೬೦ರಷ್ಟು ತಾವಾಗಿ ಕುಳಿತುಕೊಳ್ಳಲಾರದವರಾಗಿದ್ದರು. ನಾಲ್ಕನೆಯ ವರ್ಷದವರಲ್ಲಿ ನೂರಕ್ಕೆ ೮೫ರಷ್ಟು ತಾವಾಗಿ ನಡೆಯಲಾರದವರಾಗಿದ್ದರು. ಹಗಲಿರುಳೂ ಅಂಗಾತ ಮಲಗಿಸಿದ್ದ ಆ ಮಕ್ಕಳು ಅಂಬೆಗಾಲಿಡುವುದನ್ನು ಕಲಿಯದೆ, ಹಲವರು ಕುಳಿತ ಭಂಗಿಯಲ್ಲಿಯೇ ನೆಲದ ಮೇಲೆ ಜರುಗುತ್ತಿದ್ದರು. ಶಿಶುಗಳನ್ನು ಆಗಾಗ ಬೋರಲಾಗಿ ಮಲಗಿಸಿ, ಒರಗಿಸಿ ಕೂರಿಸಿ, ಎತ್ತಿ ಆಡಿಸುತ್ತಿದ್ದ ಮೂರನೆಯ ಸಂಸ್ಥೆಯಲ್ಲಿ ಈ ಹಿಂದುಳಿಯುವಿಕೆ ಬಹಳ ಕಡಿಮೆಯಾಗಿತ್ತು. ಹೋಪಿ ಶಿಶುವಿಗೆ ತೊಟ್ಟಿಲಿನ ಹೊರಗೆ ತಾಯಿಯ ಮಡಿಲೂ ಮನೆಯ ಅಂಗಳವೂ ಇದ್ದುವು; ತೆಹರಾನಿನ ಶಿಶುವಿಗೆ ಇರಲಿಲ್ಲ. ಮಗು ನಡೆಯದೆ ಉಳಿಯುವುದಕ್ಕೆ ತೋಳವು ಬೇಕಾಗಿಲ್ಲ, ಎತ್ತಿಕೊಳ್ಳುವವರಿಲ್ಲದ ಒಂದು ಕೊಠಡಿ ಸಾಕೆಂಬುದನ್ನು ಇಲ್ಲಿ ಗಮನಿಸಬೇಕು.

ಹ್ಯಾರಿ ಹಾರ್ಲೋ ಅವರ ಕೋತಿಮರಿಗಳ ಪ್ರಯೋಗಗಳು ಸುಪ್ರಸಿದ್ಧವಾದುದರಿಂದ ಅವನ್ನು ವಿಸ್ತರಿಸುವುದಿಲ್ಲ. ಹಾಲುಕೊಡುವ ತಂತಿಯ ಬೊಂಬೆಗಿಂತ ಹಾಲುಕೊಡದ ಬಟ್ಟೆಯ ಬೊಂಬೆಯನ್ನೇ ಮರಿಗಳು ಅಪ್ಪಿಕೊಂಡಿದ್ದುವೆಂಬ ೧೯೫೮ರ ವರದಿಯನ್ನು ಎಲ್ಲರೂ ಉದಾಹರಿಸುತ್ತಾರೆ. ಆರು ತಿಂಗಳು ಏಕಾಂತದಲ್ಲಿಟ್ಟು ಕೆಡಿಸಿದ ಮರಿಗಳು ತಮಗಿಂತ ಕಿರಿಯ ಮರಿಗಳ ಸಹವಾಸದಿಂದ ಬಹುಮಟ್ಟಿಗೆ ಚೇತರಿಸಿಕೊಂಡುವೆಂಬ ೧೯೭೨ರ ವರದಿಯನ್ನು ಉದಾಹರಿಸುವವರು ಕಡಿಮೆ.

ಡೆನ್ನಿಸ್ ಅವರು ೧೯೪೧ರಲ್ಲಿ ಎತ್ತಿದ ತರ್ಕದ ಪ್ರಶ್ನೆಗೆ ನೇರವಾದ ಉತ್ತರ ದೊರೆತುದು ರುಮೇನಿಯದ ಬುಖಾರೆಸ್ಟ್ ನಗರದಲ್ಲಿ. ಅಲ್ಲಿನ ಅನಾಥಾಲಯಗಳಲ್ಲಿದ್ದ ೧೩೬ ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆಕಸ್ಮಿಕ ಕ್ರಮದಿಂದ ಆರಿಸಿ ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಯಾವ ಮಗು ಹೊರಗೆ ಹೋಗಬೇಕೆಂಬುದನ್ನು ಮಗುವಿನ ಗುಣವು ನಿರ್ಣಯಿಸದಿದ್ದ ಕಾರಣ, ಮುಂದೆ ಕಂಡ ಭೇದಕ್ಕೆ ಪರಿಸರವೇ ಹೊಣೆಯೆಂದು ಹೇಳುವುದು ಸಾಧ್ಯವಾಯಿತು. ೨೦೦೭ರ ವರದಿಯಂತೆ ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ಬುದ್ಧಿಮಾಪನದ ಸರಾಸರಿ ಅಂಕಗಳು ಸಂಸ್ಥೆಯ ಪಾಲಿಗೆ ಬಿದ್ದವರಲ್ಲಿ ಸುಮಾರು ೭೩, ಸಾಕುಕುಟುಂಬದವರಲ್ಲಿ ೮೧, ಸ್ವಂತ ಮನೆಗಳಲ್ಲಿ ಬೆಳೆದವರಲ್ಲಿ ೧೦೯. ಎರಡು ವರ್ಷ ತುಂಬುವುದರೊಳಗೆ ಕುಟುಂಬವನ್ನು ಸೇರಿದವರಿಗೆ ಹೆಚ್ಚು ಪ್ರಯೋಜನವಾಗಿತ್ತು.

೬

ಮೇಲಿನ ಪರಿಶೀಲನೆಯಿಂದ ನಾವು ತಲಪುವ ತೀರ್ಮಾನಗಳು ಎರಡು. ಮೊದಲನೆಯದಾಗಿ, ಮಿಡ್ನಾಪುರದ ವೃತ್ತಾಂತವನ್ನು ಶಿಶುವಿನ ಬೆಳವಣಿಗೆಗೆ ಪ್ರಮಾಣವೆಂದು ತರಗತಿಗಳಲ್ಲಿ ಉಪಯೋಗಿಸುವುದನ್ನು ನಿಲ್ಲಿಸುವುದು ಯುಕ್ತ. ದಾಖಲೆಯನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಉದಾಹರಣೆಯಾಗಿ ಇತಿಹಾಸದ ತರಗತಿಯಲ್ಲಿ ಅದಕ್ಕೆ ಸ್ಥಾನವುಂಟು. ಎರಡನೆಯದಾಗಿ, ‘ಹುಟ್ಟೋ ಪರಿಸರವೋ’ ಎಂದು ಒಂದನ್ನು ಆರಿಸಿಕೊಳ್ಳುವಂತೆ ವಿದ್ಯಾರ್ಥಿಗಳನ್ನು ಕೇಳುವುದರಿಂದ ಫಲವಿಲ್ಲ. ಯಾವ ಪ್ರವೃತ್ತಿ, ಯಾವ ಕಾಲದಲ್ಲಿ, ಯಾವ ಅನುಭವವನ್ನು ಅಪೇಕ್ಷಿಸುತ್ತದೆ, ತಪ್ಪಿದುದನ್ನು ಎಷ್ಟರಮಟ್ಟಿಗೆ ತುಂಬಿಕೊಡಬಹುದು ಎಂದು ಕೇಳುವುದರಿಂದ ಫಲವುಂಟು. ಕಾಡಿನ ಬಿಲವನ್ನು ಕುರಿತ ಕಥೆಯು ನಮ್ಮ ಕುತೂಹಲವನ್ನು ತಣಿಸಿ ಅಲ್ಲಿಗೇ ನಿಲ್ಲುತ್ತದೆ. ತೆಹರಾನ್, ಬುಖಾರೆಸ್ಟ್‌ಗಳ ವರದಿಗಳಾದರೋ ನಮ್ಮ ಊರಿನ ಶಿಶುವಿಹಾರಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಒಬ್ಬೊಬ್ಬ ದಾದಿಯ ಕೈಗೆ ಎಷ್ಟು ಮಕ್ಕಳನ್ನು ಒಪ್ಪಿಸಿದ್ದೇವೆಂಬ ಲೆಕ್ಕವನ್ನು ಕೇಳುತ್ತವೆ.

ಆ ಇಬ್ಬರು ಬಾಲಕಿಯರ ವಿಷಯದಲ್ಲಿ ನಿಶ್ಚಯವಾಗಿ ಹೇಳಬಹುದಾದುದು ಅತ್ಯಲ್ಪ. ಅವರು ಆ ಅನಾಥಾಲಯದಲ್ಲಿದ್ದರು. ಒಬ್ಬಳು ಒಂದು ವರ್ಷದೊಳಗೆ, ಇನ್ನೊಬ್ಬಳು ಒಂಬತ್ತು ವರ್ಷಗಳ ಮೇಲೆ ಅಲ್ಲಿಯೇ ತೀರಿಕೊಂಡರು. ಹುಟ್ಟಿನಿಂದಲೇ ಅಸ್ವಸ್ಥರಾಗಿದ್ದು ಮನೆಯವರಿಂದ ತ್ಯಜಿಸಲ್ಪಟ್ಟವರಾಗಿದ್ದರೆ, ಅವರ ನಿಜವಾದ ವೃತ್ತಾಂತವು ತೋಳಗಳದಲ್ಲ. ಅವರನ್ನು ಕೈಬಿಟ್ಟ ಮನುಷ್ಯರದು. ಅದನ್ನು ಬರೆಯಲು ಈಗ ಆಧಾರಗಳಿಲ್ಲ. ಆಧಾರವಿಲ್ಲದ ಕಡೆ ಕಥೆಯನ್ನು ತುಂಬದಿರುವುದು ಆ ಮಕ್ಕಳಿಗೆ ನಾವು ತೋರಬಹುದಾದ ಕನಿಷ್ಠ ಗೌರವ.